ಹಾಲಿನ ಡೈರಿಯಲ್ಲಿ ಅರ್ಧಕ್ಕೆ ನಿಂತ ಕಥೆ

ನಮ್ಮೂರ ಹಾಲಿನ ಡೈರಿಯಲ್ಲಿ ಸಂಜೆ ಹೊತ್ತು ಹಾಲು ಪರೀಕ್ಷೆ ಮಾಡುವವಳು ನಾನು. ಕೆರಗೋಡಿನಲ್ಲಿ ಬಸ್ಸಿಳಿದು ಒಳಕ್ಕೆ ಸ್ವಲ್ಪ ದೂರ ನಡೆದರೆ ನಮ್ಮೂರು. ಪಿಯುಸಿ ಮುಗಿಸಿದೆ, ಮುಂದೆ ಓದಲಿಲ್ಲ. ಜನ ತಂದ ಕ್ಯಾನಿನಿಂದ ಪುಟ್ಟ ಲೋಟಕ್ಕೆ ಹಾಲು ತೆಗೆಯಬೇಕು, ಮೆಷಿನ್ನಿಗೆ ಇಡಬೇಕು, ಅದು ತೋರಿಸಿದ ಅಂಕಿಯನ್ನು ಕೂಗಿ ಹೇಳಬೇಕು. ಕೆಲಸ ಇಷ್ಟೇ. ಸೆಕ್ರೆಟ್ರಿ ಮನೆಯಿಂದ ಬೀಗದ ಕೈ ತಂದು ನಾನು ಬಾಗಿಲು ತೆಗೆಯುವುದು ಐದು ಗಂಟೆಗೆ. ಸೆಕ್ರೆಟ್ರಿ ಬಂದು ಮೆಷಿನ್ ಶುರುವಾಗುವುದು ಐದೂವರೆಗೆ. ನಾನು ಹೇಳಬೇಕೆಂದಿರುವುದು ನಡುವಿನ ಆ ಅರ್ಧ ಗಂಟೆಯ ವಿಷಯ.

ದೊಡ್ಡವರು ಗದ್ದೆಯಲ್ಲಿ, ಕಬ್ಬಿನಲ್ಲಿ ಇರುತ್ತಾರೆ. ಹಾಲು ಹೊತ್ತುಕೊಂಡು ಬರುವವರಲ್ಲಿ ಮಕ್ಕಳೇ ಹೆಚ್ಚು. ಬಂದವರು ಕ್ಯಾನುಗಳನ್ನು ಸಾಲಾಗಿ ಇಟ್ಟು ಕಿತ್ತಾಡುತ್ತಾ ನಿಲ್ಲುತ್ತಿದ್ದರು. ಒಂದು ದಿನ ಅವರ ಗಲಾಟೆ ತಡೆಯಲಾರದೆ ಚೀಲದಲ್ಲಿದ್ದ ಚಿತ್ರದ ಪುಸ್ತಕ ತೆಗೆದು ಓದಿದೆ. ಎಲ್ಲರೂ ಸುಮ್ಮನಾದರು. ಅವತ್ತಿನಿಂದ ಹಿಡಿಯಿತು ನನಗೆ ಈ ಹುಚ್ಚು.

ಪುಸ್ತಕಗಳು ಬಂದದ್ದು ಮಂಡ್ಯದ ಗುತ್ತಲಿನಲ್ಲಿರುವ ನಮ್ಮ ಸೋದರತ್ತೆಯ ಮನೆಯಿಂದ. ಅವರ ಮಕ್ಕಳು ದೊಡ್ಡವರಾದ ಮೇಲೆ ಮಂಚದ ಕೆಳಗೆ ಒಂದು ರಟ್ಟಿನ ಡಬ್ಬ ಹಾಗೇ ಉಳಿದಿತ್ತು. "ತಗಂಡೋಗವ್ವ, ಇಲ್ದಿದ್ರೆ ಅಳೇ ಪೇಪರ್‌ನೋನಿಗೆ ಆಕ್ಬುಡ್ತೀನಿ" ಅಂದರು. ಬಸ್ಸಿನಲ್ಲಿ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು ಒಂದೊಂದೇ ತೆಗೆದು ನೋಡುತ್ತಾ ಇಳಿಯುವ ಜಾಗ ದಾಟಿ ಹೋಗಿಬಿಟ್ಟಿದ್ದೆ. ನಾನು ಚಿಕ್ಕವಳಿದ್ದಾಗ ನಮ್ಮ ಮನೆಯಲ್ಲಿ ಓದುವುದಕ್ಕೆ ಇದ್ದದ್ದು ಗೋಡೆಯ ಕ್ಯಾಲೆಂಡರು ಮತ್ತು ಸ್ಕೂಲಿನ ಪಾಠ. ಒಂದು ಪುಟಕ್ಕೆ ಒಂದೇ ಸಾಲು ಬರೆದು ಉಳಿದ ಜಾಗವನ್ನೆಲ್ಲ ಚಿತ್ರಕ್ಕೆ ಬಿಡುವ ಪುಸ್ತಕಗಳೂ ಇರುತ್ತವೆ ಅಂತ ನನಗೆ ಗೊತ್ತಾದದ್ದೇ ಇಪ್ಪತ್ತೊಂದನೇ ವಯಸ್ಸಿನಲ್ಲಿ.

ಮಕ್ಕಳಿಗೆ ಹೇಗೆ ಓದಬೇಕು ಅಂತ ಯಾರೂ ಕಲಿಸಲಿಲ್ಲ, ಫೋನಿನಲ್ಲಿ ವಿಡಿಯೊ ನೋಡಿ ನೋಡಿ ಕಲಿತೆ. ಪುಸ್ತಕದ ಮುಖ ಮಕ್ಕಳ ಕಡೆಗೆ ಇರಬೇಕು. ಅಕ್ಷರದ ಕೆಳಗೆ ಬೆರಳು ಓಡಿಸಬೇಕು. ಪುಟ ತಿರುಗಿಸುವ ಮೊದಲು ಮುಂದೇನಾಗಬಹುದು ಅಂತ ಕೇಳಬೇಕು. ಡೈರಿಯಲ್ಲಿ ಕನ್ನಡದ ಅಕ್ಷರ ಅಚ್ಚಾದ ಪಶು ಆಹಾರದ ಖಾಲಿ ಚೀಲಗಳು ರಾಶಿ ಬಿದ್ದಿರುತ್ತವಲ್ಲ, ಅವನ್ನು ನೆಲಕ್ಕೆ ಹಾಸಿ "ಇವತ್ತು 'ಹ' ಎಲ್ಲೆಲ್ಲಿದೆ ಹುಡುಕಿ" ಅಂತ ಸೀಮೆಸುಣ್ಣ ಕೊಟ್ಟರೆ ಮಕ್ಕಳು ಮಂಡಿಯೂರಿ ಹುಡುಕಿ ಸುತ್ತು ಹಾಕುತ್ತಿದ್ದರು. ಇದು ಯಾವ ವಿಡಿಯೊದಲ್ಲೂ ಇರಲಿಲ್ಲ, ನಾನೇ ಮಾಡಿಕೊಂಡದ್ದು. ಅದಕ್ಕೇ ಇಲ್ಲಿ ಹೇಳಿಕೊಳ್ಳುತ್ತಿದ್ದೇನೆ.

ಬರುವ ಮಕ್ಕಳಲ್ಲಿ ಒಬ್ಬಳು ಮಾತ್ರ ದಿನವೂ ತಡ. ಆರು ವರ್ಷ, ಒಂದನೇ ಕ್ಲಾಸು. ಅಜ್ಜಿಯ ಜೊತೆ ಇರುತ್ತಾಳೆ. ಅವಳ ಅಮ್ಮ ಮದ್ದೂರಿನ ಕಡೆ ಗಾರ್ಮೆಂಟ್ಸಿಗೆ ಹೋಗುತ್ತಾರೆ, ಬೆಳಕು ಹರಿಯುವ ಮೊದಲೇ ಹೊರಟರೆ ಬರುವುದು ದೀಪ ಹಚ್ಚಿದ ಮೇಲೆ. ಅಜ್ಜಿ ನಾಲೆ ಏರಿಯ ಮೇಲೆ ಹುಲ್ಲು ಕೊಯ್ದು ತಂದು, ಹಸುವಿನ ಮುಂದೆ ಹಾಕಿ, ಆಮೇಲೆ ಹಾಲು ಕರೆಯುವರು. ಅಷ್ಟರಲ್ಲಿ ಐದೂವರೆ. ಹುಡುಗಿ ಓಡಿ ಬರುವಾಗ ನಾನು ಕೊನೆಯ ಎರಡು ಪುಟದಲ್ಲಿ ಇರುತ್ತಿದ್ದೆ. ಬಂದು ಹಿಂದೆ ಕೂರುತ್ತಿದ್ದಳು. ಮಾತಿಲ್ಲ. ಉಳಿದವರೆಲ್ಲ ಕೂಗಿ ಉತ್ತರ ಹೇಳಿದರೆ ಇವಳ ತುಟಿ ಮಾತ್ರ ಅಲ್ಲಾಡುತ್ತಿತ್ತು. ಎಲ್ಲರೂ ಎದ್ದ ಮೇಲೆ ಹತ್ತಿರ ಬಂದು, ತಾನು ತಪ್ಪಿಸಿಕೊಂಡ ಪುಟಗಳನ್ನು ಹಿಂದಿನಿಂದ ಮುಂದಕ್ಕೆ ಗಬಗಬನೆ ನೋಡುತ್ತಿದ್ದಳು. ಮೆಷಿನ್ ಶುರುವಾಗುತ್ತಿತ್ತು, ನಾನು ಪುಸ್ತಕ ತೆಗೆದು ಕಬ್ಬಿಣದ ಬೀರುವಿಗೆ ಹಾಕುತ್ತಿದ್ದೆ.

ಹೀಗಿರುವಾಗ ನಾನು ಒಂದು ವಿಡಿಯೊದಲ್ಲಿ ಹೊಸ ಉಪಾಯ ನೋಡಿದೆ. ಕಥೆಯನ್ನು ಒಳ್ಳೆಯ ಘಟ್ಟದಲ್ಲಿ ನಿಲ್ಲಿಸಿಬಿಡಬೇಕಂತೆ. ಆಗ ಮಕ್ಕಳು ಮಾರನೇ ದಿನ ತಾವೇ ಪುಸ್ತಕ ಕೇಳಿಕೊಂಡು ಬರುತ್ತಾರಂತೆ. ಸರಿ, ಮಾಡಿಯೇಬಿಡೋಣ ಅನ್ನಿಸಿತು.

ಅವತ್ತಿನ ಪುಸ್ತಕದಲ್ಲಿ ಒಂದು ಮೇಕೆಮರಿ ಕೊರಳ ಗಂಟೆ ಕಳೆದುಕೊಂಡು ಸಿಕ್ಕಿದವರನ್ನೆಲ್ಲ "ನನ್ನ ಗಂಟೆ ಕಂಡೆಯಾ?" ಅಂತ ಕೇಳುತ್ತಾ ಹೋಗುತ್ತದೆ. ಮಕ್ಕಳು ಆ ಸಾಲನ್ನು ನನ್ನ ಜೊತೆಗೇ ಕೂಗುತ್ತಿದ್ದರು. ಕೊನೆಯಲ್ಲಿ ಮರಿ ಹಾಳು ಬಾವಿಯೊಂದರ ಹತ್ತಿರ ಬರುತ್ತದೆ. ಒಳಗಿಂದ ಟಿಣ್ ಅಂತ ಸದ್ದು. ಮರಿ ಬಗ್ಗಿ ನೋಡುತ್ತದೆ. ಆಗ ಆ ಹುಡುಗಿ ಬಂದು ಕುಳಿತು ಒಂದು ನಿಮಿಷವೂ ಆಗಿರಲಿಲ್ಲ. ನಾನು ಪುಸ್ತಕ ಮುಚ್ಚಿದೆ.

"ಅಕ್ಕ, ಯಾಕಕ್ಕ ಮುಚ್ದೆ?"

"ಒಳಗ್ ಏನೈತೆ ಏಳಕ್ಕ, ಅದೊಂದ್ ಏಳ್ಬುಡು ಸಾಕು."

"ನಾಳೆ ಬೇಗ ಬನ್ನಿ, ಹೇಳ್ತೀನಿ" ಅಂದೆ, ದೊಡ್ಡ ಮೇಡಮ್ಮಿನ ಹಾಗೆ.

"ಮರಿ ಬಿದ್ದೋಯ್ತದೆ ಕಣ್ಲಾ" ಅಂದ ಒಬ್ಬ. "ಬಿದ್ರೆ ಪುಸ್ತಕ ಮುಗ್ದೋಯ್ತದಲ್ಲ, ಇನ್ನೂ ಪುಟ ಐತೆ ನೋಡ್ಲಾ" ಅಂದ ಇನ್ನೊಬ್ಬ. ನನಗೋ ಖುಷಿಯೋ ಖುಷಿ. ಬೀರುವಿಗೆ ಬೀಗ ಹಾಕಿದೆ.

ಮಾರನೇ ದಿನ ಐದಕ್ಕೇ ಮಕ್ಕಳೆಲ್ಲ ಹಾಜರು. ಆ ಹುಡುಗಿ ಮಾತ್ರ ಇಲ್ಲ. ಬರುತ್ತಾಳೆ ಅಂತ ಸ್ವಲ್ಪ ಕಾದೆ, ಉಳಿದವರು ಬಿಡಲಿಲ್ಲ, ಓದಿ ಮುಗಿಸಿದೆ. ಬಾವಿಯ ಗೋಡೆಯ ಗಿಡದಲ್ಲಿ ಗಂಟೆ ತಲೆಕೆಳಗಾಗಿ ಸಿಕ್ಕಿಕೊಂಡಿರುತ್ತದೆ, ಅದರೊಳಗೆ ಹಕ್ಕಿಯೊಂದು ಮರಿ ಮಾಡಿರುತ್ತದೆ. ಮೇಕೆಮರಿ ಗಂಟೆಯನ್ನು ಹಕ್ಕಿಗೇ ಬಿಟ್ಟು ಹೊರಡುತ್ತದೆ.

ಹಾಲೆಲ್ಲ ಅಳೆದು, ಮೆಷಿನ್ ತೊಳೆಯುತ್ತಿದ್ದಾಗ ಹುಡುಗಿಯ ಅಜ್ಜಿ ಬಂದರು. ಕೈಯಲ್ಲಿ ಖಾಲಿ ಕ್ಯಾನು.

"ಹಾಲೆಲ್ಲಜ್ಜಿ?" ಅಂದೆ.

"ಆಲು ಕರು ಒಟ್ಟೇಲೈತೆ, ಓಗಿ ತೆಗ್ದು ನಿನ್ ಮಿಸನ್ನಿಗೆ ಆಕು."

ಆಮೇಲೆ ಒಂದೊಂದೇ ಹೊರಬಂತು. ನಮ್ಮ ಕಡೆ ಮೊದಲು ಕರುವನ್ನು ಬಿಡುತ್ತೇವೆ. ಅದು ನಾಲ್ಕು ಗುಟುಕು ಕುಡಿದರೆ ಹಸು ಹಾಲು ಇಳಿಸುತ್ತದೆ. ಆಗ ಕರುವನ್ನು ಎಳೆದು ಕಟ್ಟಿ ಹಾಲು ಕರೆಯುತ್ತೇವೆ. ಹುಡುಗಿ ಇದನ್ನು ಹುಟ್ಟಿದಾಗಿನಿಂದ ನೋಡಿದ್ದಾಳೆ. ಕರು ಬಿಟ್ಟರೆ ಅಜ್ಜಿ ಬರುತ್ತಾರೆ, ಅಜ್ಜಿ ಬಂದರೆ ಹಾಲು, ಹಾಲಾದರೆ ಡೈರಿ, ಡೈರಿಗೆ ಬಂದರೆ ಬಾವಿಯೊಳಗೆ ಏನಿದೆ ಅಂತ ಗೊತ್ತಾಗುತ್ತದೆ. ಅವಳ ಲೆಕ್ಕ ಅಷ್ಟೇ. ಸ್ಕೂಲಿಂದ ಬಂದವಳೇ ಕರುವಿನ ಹಗ್ಗ ಬಿಚ್ಚಿದ್ದಾಳೆ. ಅಜ್ಜಿ ಆಗಿನ್ನೂ ನಾಲೆ ಏರಿಯಲ್ಲಿ ಹುಲ್ಲು ಕೊಯ್ಯುತ್ತಿದ್ದರು. ಕರುವನ್ನು ಎಳೆದು ಕಟ್ಟುವ ಶಕ್ತಿ ಆರು ವರ್ಷದವಳಿಗೆ ಎಲ್ಲಿಂದ ಬರಬೇಕು? ಅದು ನಾಲ್ಕು ಮೊಲೆಯನ್ನೂ ಬರಿದು ಮಾಡಿದೆ.

"ಈಗ ಅದು ಉಚ್ಕತಾ ಬಿದ್ದದೆ" ಅಂದರು ಅಜ್ಜಿ. ಹಾಲು ಹೆಚ್ಚಾಗಿ ಕರುವಿಗೆ ಭೇದಿ ಹತ್ತಿತ್ತು. "ನಾಳಿಂದ ಅವ್ಳ್ ಇಲ್ಗೆ ಬರಾಕಿಲ್ಲ. ಆಲು ನಾನೇ ತತ್ತೀನಿ. ನಿನ್ ಕತೆ ನೀನೇ ಮಡಿಕೋ."

ಆ ರಾತ್ರಿ ನನಗೆ ಎರಡು ಚಿಂತೆ. ಕರುವಿಗೆ ಏನಾದರೂ ಆದರೆ ಅನ್ನುವುದು ಒಂದು. ಅವಳು ಇನ್ನು ಪುಸ್ತಕದ ಹತ್ತಿರವೇ ಬರದಿದ್ದರೆ ಅನ್ನುವುದು ಇನ್ನೊಂದು. ಓದುವುದು ಅಂದರೆ ಬೈಗುಳ ಅಂತ ಆ ವಯಸ್ಸಿನಲ್ಲಿ ಮನಸ್ಸಿಗೆ ಇಳಿದುಬಿಟ್ಟರೆ ಅದನ್ನು ತೆಗೆಯುವುದು ಕಷ್ಟ.

ಬೆಳಿಗ್ಗೆ ಬೀರುವಿನಿಂದ ಮೇಕೆಮರಿಯ ಪುಸ್ತಕ ತೆಗೆದುಕೊಂಡು ಅವರ ಮನೆಗೆ ಹೋದೆ. ಕೊಟ್ಟಿಗೆಯಲ್ಲಿ ಕರು ಮಲಗಿತ್ತು, ಬಾಲ ಎಲ್ಲ ಗಲೀಜು. ಹುಡುಗಿ ಅದರ ಮೂತಿ ಎತ್ತಿ ಹಿಡಿದಿದ್ದಳು. ಅಜ್ಜಿ ದಾಳಿಂಬೆ ಸಿಪ್ಪೆ ಕುದಿಸಿದ ನೀರನ್ನು ಬಿದಿರಿನ ಗೊಟ್ಟದಲ್ಲಿ ಅದರ ಬಾಯಿಗೆ ಹೊಯ್ಯುತ್ತಿದ್ದರು. ಹುಡುಗಿ ನನ್ನನ್ನು ನೋಡಲಿಲ್ಲ.

"ತಪ್ಪಾಯ್ತು ಕಣಜ್ಜಿ. ಪುಸ್ತಕ ತಂದಿವ್ನಿ, ಅವ್ಳಿಗೆ."

"ಕರು ಮೂತಿಗಿಡಿ, ಉಚ್ಕಳದು ನಿಂತೋದ್ರೆ ನೋಡನ."

ನಾನು ನಿಂತೇ ಇದ್ದೆ. ಗೊಟ್ಟ ಖಾಲಿ ಮಾಡಿ, ಸೆರಗಿನಿಂದ ಕರುವಿನ ಮೂತಿ ಒರೆಸಿ, ಅಜ್ಜಿ ಕೇಳಿದರು: "ಮರಿ ಬಾವಿ ಬಗ್ಗಿ ನೋಡ್ತಂತೆ, ಅಲ್ಗೆ ನಿಲ್ಲಿಸ್ದಂತೆ ನೀನು. ಯಾಕ್ ನಿಲ್ಲಿಸ್ದೆ?"

"ನಾಳೆ ಬೇಗ ಬರ್ಲಿ ಅಂತ."

"ನಾವೂ ದಿನಾ ಕರೂನ ಅರ್ಧಕ್ಕೇ ಎಳ್ಯದು ಕಣಮ್ಮಿ. ಎಳ್ದು ಕಟ್ತೀವಿ. ಆದ್ರೆ ಕರ್ಯಾಗ ಒಂದ್ ಮೊಲೆ ಮುಟ್ಟಾಕಿಲ್ಲ, ಅದು ಅದರ ಪಾಲು. ಅದ್ಕೇ ಅದು ನಾಳೀಕೂ ಎಳ್ಸಕತದೆ. ನೀನ್ ಮಕ್ಳ ಪಾಲು ಅಂತ ಏನ್ ಬುಟ್ಟಿದ್ದೆ?"

ನಾನು ಬಿಟ್ಟದ್ದು ಬೀಗ ಹಾಕಿದ ಬೀರು. ಇಷ್ಟು ವಿಡಿಯೊ ನೋಡಿದ್ದೇನೆ, ಈ ಪ್ರಶ್ನೆಯನ್ನು ಯಾರೂ ಕೇಳಿರಲಿಲ್ಲ.

"ಅತ್ತಾಗ್ ಕೊಡು ಅದ್ನ" ಅಂದರು ಅಜ್ಜಿ, ಇನ್ನೂ ಸಿಟ್ಟಿನಲ್ಲೇ. "ನೀನ್ ಓದ್ಬ್ಯಾಡ. ಅವ್ಳೇ ನೋಡ್ಕತಾಳೆ. ಡೈರಿಗಂತೂ ಕಳ್ಸಾಕಿಲ್ಲ."

ಹುಡುಗಿ ಕೈಯನ್ನು ಲಂಗಕ್ಕೆ ಒರೆಸಿಕೊಂಡು ಪುಸ್ತಕ ತೆಗೆದುಕೊಂಡಳು. ಕರುವಿಗೆ ಒರಗಿ ಕುಳಿತಳು. ಮೊದಲ ಪುಟದಿಂದ ಶುರು ಮಾಡಲಿಲ್ಲ, ನೇರವಾಗಿ ಬಾವಿಯ ಪುಟಕ್ಕೇ ಹೋದಳು. ನಾನು ಅಲ್ಲಿ ನಿಲ್ಲದೆ ಬಂದುಬಿಟ್ಟೆ. ಬಾಗಿಲ ಹತ್ತಿರ ತಿರುಗಿ ನೋಡಿದಾಗ ಅವಳ ಬೆರಳು ಅಕ್ಷರದ ಕೆಳಗೆ ಇತ್ತು.

ಅವತ್ತಿನಿಂದ ಡೈರಿಯಲ್ಲಿ ಕ್ರಮ ಬದಲಾಯಿಸಿದೆ. ಮೊದಲು ಹಾಲು, ಎಲ್ಲರ ಕ್ಯಾನು ಖಾಲಿಯಾದ ಮೇಲೆ ಕಥೆ. ತಡವಾಗಿ ಹಾಲು ಕರೆಯುವ ಮನೆಯ ಮಗುವಿಗೂ ಮೊದಲ ಪುಟ ಸಿಗಬೇಕು. ಕಥೆಯನ್ನು ಎಲ್ಲೇ ನಿಲ್ಲಿಸಿದರೂ ಅವತ್ತು ಪುಸ್ತಕ ಒಂದು ಮಗುವಿನ ಜೊತೆ ಮನೆಗೆ ಹೋಗಬೇಕು. ಸೆಕ್ರೆಟ್ರಿ ಬೀಗದ ಕೈ ಅಲ್ಲಾಡಿಸುತ್ತಾ, "ಏನಮ್ಮಿ, ಇದು ಡೈರಿಯೋ ಇಸ್ಕೂಲೋ? ನಾನು ಮನೆಗೋಗಬ್ಯಾಡ್ವಾ?" ಅಂದರು. "ನೀವೂ ಕೂತ್ಕೊಳಿ ಸಾರ್" ಅಂದೆ. ಕೂರಲಿಲ್ಲ, ಬೀಗದ ಕೈ ಕೊಟ್ಟು ಹೋದರು.

ಎರಡು ದಿನ ಅಜ್ಜಿ ಒಬ್ಬರೇ ಹಾಲು ತಂದರು. "ಕರು ಹೆಂಗೈತೆ ಅಜ್ಜಿ?" ಅಂದರೆ "ಐತೆ" ಅನ್ನುವರು.

ಮೂರನೇ ಸಂಜೆ ಇಬ್ಬರೂ ಬಂದರು. ಕ್ಯಾನು ಹುಡುಗಿಯ ಕೈಯಲ್ಲಿ, ಪುಸ್ತಕ ಅಜ್ಜಿಯ ಕಂಕುಳಲ್ಲಿ. ಅದರ ಒಂದು ಮೂಲೆ ಇರಲೇ ಇಲ್ಲ.

"ಕರು ತಿಂತು" ಅಂದರು ಅಜ್ಜಿ. "ಸಗಣಿ ಗಟ್ಟಿಯಾಗೈತೆ, ಉಸಾರಾಗೈತೆ. ಅದ್ಕೇ ತಿಂದದೆ."

"ತಿನ್ಲಿ ಬುಡಿ ಅಜ್ಜಿ."

"ಬುಡಾದಲ್ಲ. ಒಂದ್ ಕೇಳ್ತೀನಿ, ಏಳು. ಗಂಟೆ ಅಕ್ಕಿಗ್ ಬುಟ್ಬುಟ್ಟು ಆ ಮರಿ ಓಯ್ತಂತಲ್ಲ, ಮನೆ ಸೇರ್ತಾ? ಇವ್ಳ್ನ ಕೇಳುದ್ರೆ ಅದು ಬರ್ದಿಲ್ಲ ಅಂತಾಳೆ. ಮೂರ್ ದಿವ್ಸದಿಂದ ಅದೇ ಯೋಚ್ನೆ ಆಗೋಗೈತೆ ನಂಗೆ. ಗಂಟೆ ಸದ್ದಿಲ್ದಿದ್ರೆ ಅವರವ್ವ ಎಂಗ್ ಉಡುಕ್ತಾಳೆ ಅದ್ನ?"

ನಿಜ, ಪುಸ್ತಕದಲ್ಲಿ ಅದು ಇರಲಿಲ್ಲ. ಎಷ್ಟು ಸಲ ಓದಿದ್ದೇನೆ, ನನಗೆ ಹೊಳೆದೇ ಇರಲಿಲ್ಲ. ಮಕ್ಕಳ ಕಡೆ ನೋಡಿದೆ.

"ಸೇರ್ತು" ಅಂದಳು ಹುಡುಗಿ. ಎಲ್ಲರಿಗೂ ಕೇಳುವ ಹಾಗೆ. ಡೈರಿಯಲ್ಲಿ ನಾನು ಅವಳ ದನಿ ಕೇಳಿದ್ದು ಅದೇ ಮೊದಲು. "ಕತ್ಲಾಗಕ್ ಮುಂಚೆ ಸೇರ್ತು. ದಾರೀಲೆಲ್ಲ ಅದೇ ಕೂಗ್ಕಂಡು ಓಯ್ತು, ಮ್ಯಾ ಅಂತ."

"ಅಂಗನ್ನು ಮತ್ತೆ" ಅಂದರು ಅಜ್ಜಿ. ಖಾಲಿ ಕ್ಯಾನೊಂದನ್ನು ಬೋರಲು ಹಾಕಿ ಅದರ ಮೇಲೆ ಕುಳಿತರು. "ಇವತ್ತಿಂದ್ ಯಾವ್ದು? ಶುರು ಮಾಡು. ಮುಗ್ಸೇ ಏಳದು ನಾನು."

ಅವರ ಹಾಲನ್ನೂ ಅಳೆದು ಮುಗಿಸಿ ನಾನು ಅವತ್ತು ತೆಗೆದದ್ದು ಕಬ್ಬಿನ ಗದ್ದೆಯಲ್ಲಿ ದಾರಿ ತಪ್ಪಿದ ಕೋಳಿಯ ಕಥೆ. ದೊಡ್ಡವರ ಮುಂದೆ ನಾನು ಅದುವರೆಗೆ ಓದಿರಲಿಲ್ಲ. ಹುಡುಗಿ ಅಜ್ಜಿಯ ಮಂಡಿಗೆ ಒರಗಿ ಮುಂದಿನ ಸಾಲಿನಲ್ಲೇ ಕುಳಿತಿದ್ದಳು. ನಾಲ್ಕನೇ ಪುಟದಲ್ಲಿ ಸೋಗೆಯ ಸಂದಿಯಲ್ಲಿ ಎರಡು ಕಣ್ಣು ಮಾತ್ರ ಕಾಣುತ್ತವೆ. ಮಕ್ಕಳೆಲ್ಲ ಚಿತ್ರದ ಕಡೆಗೆ ಕತ್ತು ಚಾಚಿದರು. ಅವಳು ಮಾತ್ರ ತಲೆ ಎತ್ತಿ ಅಜ್ಜಿಯ ಮುಖ ನೋಡುತ್ತಿದ್ದಳು. ಅಜ್ಜಿಗೂ ಹೆದರಿಕೆ ಆಗುತ್ತದಾ ಅಂತ ಅವಳಿಗೆ ತಿಳಿಯಬೇಕಿತ್ತು. ಅಜ್ಜಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡರು. ಹುಡುಗಿ ನಕ್ಕು ನನ್ನ ಕಡೆ ತಿರುಗಿ, "ತಿರ್ಗ್ಸಕ್ಕ" ಅಂದಳು.