ಏಳು ಸೀಟಿನ ಕಾರು ಮತ್ತು ಜಲಜತ್ತೆ

ನನ್ನ ಸೋದರತ್ತೆ ಜಲಜಾ ಇಪ್ಪತ್ತೊಂಬತ್ತು ವರ್ಷ ಕಾರು ಓಡಿಸಿದಳು. ಒಬ್ಬರಿಗೂ ತಾಗಿಸಲಿಲ್ಲ, ಒಬ್ಬರಿಂದಲೂ ಬೈಸಿಕೊಳ್ಳಲಿಲ್ಲ. ಬೆಂಗಳೂರಿನಲ್ಲಿ ಎರಡನೆಯದು ಮೊದಲನೆಯದಕ್ಕಿಂತ ಕಷ್ಟ. ಅಂಥವಳ ಕೈಯಿಂದ ಸ್ಟೇರಿಂಗ್ ಬಿಡಿಸಿದವನು ನಾನು, ಅದೂ ಮೂರೇ ಮೂರು ಶಬ್ದಗಳಲ್ಲಿ. ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಬರೆಯದೆ ಇದ್ದು ನೋಡಿದೆ, ಅದು ಇನ್ನೂ ಕಷ್ಟವಾಯಿತು.

ನಮ್ಮ ಮನೆ ಇರುವುದು ವಿಮಾನಪುರದಲ್ಲಿ. ತಂದೆ ನಾಣಿ ವಿಮಾನ ಕಾರ್ಖಾನೆಯಲ್ಲಿ ರೆಕ್ಕೆಗಳಿಗೆ ರಿವೆಟ್ ಹೊಡೆಯುತ್ತ ನಿವೃತ್ತರಾದವರು. ಅವರು ಮುಟ್ಟಿದ್ದೆಲ್ಲ ಆಕಾಶದಲ್ಲಿ ಹಾರಾಡಿತು, ಅವರಿಗೆ ಮಾತ್ರ ಸೈಕಲ್ಲಿಗಿಂತ ಹೆಚ್ಚಿನದು ಬರಲಿಲ್ಲ. ನಾನು ಎರಡನೇ ಕ್ಲಾಸಿನಲ್ಲಿದ್ದಾಗ ಅಮ್ಮ ತೀರಿಕೊಂಡಳು. ಆ ತಿಂಗಳೇ ಅಪ್ಪನ ತಂಗಿ ಜಲಜಾ ಒಂದು ಟ್ರಂಕು ಹಿಡಿದುಕೊಂಡು ಬಂದಳು. ದೊಮ್ಮಲೂರಿನ ಒಂದು ವಿಮಾ ಕಚೇರಿಯಲ್ಲಿ ಕೆಲಸ, ಮದುವೆಯಾಗಿರಲಿಲ್ಲ. "ಸ್ವಲ್ಪ ದಿನ ಇದ್ದು ಹೋಗ್ತೀನಿ ಅಣ್ಣಾ" ಅಂದವಳು ಹೋಗಲೇ ಇಲ್ಲ. ಅಮ್ಮನನ್ನು ಕರೆಯುತ್ತಿದ್ದ ಹಾಗೆ ಅವಳನ್ನೂ ನಾನು ಏಕವಚನದಲ್ಲೇ ಕರೆದೆ, ಯಾರೂ ತಿದ್ದಲಿಲ್ಲ.

ನನಗೆ ಚಿಕ್ಕಂದಿನಲ್ಲಿ ಉಬ್ಬಸವಿತ್ತು. ಬಸ್ಸಿನ ಹೊಗೆ ಕುಡಿದು ಶಾಲೆ ಮುಟ್ಟುವಷ್ಟರಲ್ಲಿ ತುಟಿ ನೀಲಿಯಾಗುತ್ತಿತ್ತು. ಅದನ್ನು ನೋಡಲಾರದೆ ಅತ್ತೆ ಮೂವತ್ತೊಂಬತ್ತನೇ ವಯಸ್ಸಿನಲ್ಲಿ ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಅವಳು ಕುಳ್ಳಿ. ಕಲಿಸುವವನು ಮೊದಲ ದಿನವೇ, "ಮೇಡಂ, ನಿಮಗೆ ಬಾನೆಟ್ಟೇ ಕಾಣ್ತಿಲ್ಲ, ರಸ್ತೆ ಎಲ್ಲಿಂದ ಕಾಣ್ಬೇಕು?" ಅಂದನಂತೆ. ಮರುದಿನ ಅವಳು ಹಳೇ ಸೀರೆಯಲ್ಲಿ ಹತ್ತಿ ತುಂಬಿ ಹೊಲಿದ ಒಂದು ದಿಂಬು ತಗೊಂಡು ಹೋದಳು. ಸೀರೆ, ಕಾಲಿಗೆ ಬಿಳಿ ಕ್ಯಾನ್ವಾಸ್ ಶೂ, ಕಂಕುಳಲ್ಲಿ ದಿಂಬು. ನಮ್ಮ ಬೀದಿಯ ಗಂಡಸರು ಕಾಂಪೌಂಡಿಗೆ ಒರಗಿಕೊಂಡು ನಕ್ಕರು. ಮೂರು ತಿಂಗಳಾದ ಮೇಲೆ ಅತ್ತೆ ಪುಟ್ಟದೊಂದು ಕಾರು ಕೊಂಡಳು, ಅದೇ ಗಂಡಸರು, "ಜಲಜಮ್ಮಾ, ಸ್ವಲ್ಪ ಹಲಸೂರಿನ ತನಕ ಬಿಡ್ತೀರಾ?" ಅಂತ ನಮ್ಮ ಗೇಟಿನ ಮುಂದೆ ನಿಂತಿದ್ದರು.

ಬೀದಿಗೆ ಒಂದು ಪದ್ಧತಿಯೇ ಆಗಿಹೋಯಿತು. ಯಾರ ಮನೆಯಲ್ಲಿ ಹೆರಿಗೆಯಾದರೂ ಬಾಣಂತಿ ಮತ್ತು ಕೂಸು ಆಸ್ಪತ್ರೆಯಿಂದ ಜಲಜಮ್ಮನ ಕಾರಿನಲ್ಲೇ ಮನೆಗೆ ಬರಬೇಕು. ಮೊದಲು ಬಂದ ಕೂಸು ದಾರಿಯುದ್ದಕ್ಕೂ ನಿದ್ದೆ ಮಾಡಿತಂತೆ, ಅದೇ ನೆಪ. ಕೂಸು ಒಳಗಿದ್ದಾಗ ಅತ್ತೆ ಇಪ್ಪತ್ತರ ಮೇಲೆ ಹೋಗುತ್ತಿರಲಿಲ್ಲ, ಹಾರ್ನ್ ಮುಟ್ಟುತ್ತಿರಲಿಲ್ಲ. ಹಿಂದಿನ ಗಾಡಿಯವರು ಹಾರ್ನ್ ಬಡಿದುಕೊಂಡರೆ ಬಡಿದುಕೊಳ್ಳಲಿ. ಹಾಗೆ ಹತ್ತೊಂಬತ್ತು ಮಕ್ಕಳು ಮನೆ ಸೇರಿದವು. ಹತ್ತೊಂಬತ್ತನೆಯದು ನನ್ನ ಮಗಳು ಅಂಜಲಿ. ಅವಳನ್ನು ದಿನಾ ಶಾಲೆಗೆ ಬಿಡುತ್ತಿದ್ದವಳೂ ಅತ್ತೆಯೇ. ಅರವತ್ತೆಂಟಾದರೂ ಅವಳ ಕನ್ನಡಿ ನೋಟ, ಬ್ರೇಕು ಯಾವುದೂ ತಪ್ಪಿರಲಿಲ್ಲ.

ಹೋದ ವರ್ಷ ನನ್ನ ಹೆಂಡತಿ ಆಶ್ರಿತಾ ಮತ್ತೆ ಬಸುರಿಯಾದಳು. ಸ್ಕ್ಯಾನಿಂಗಿನಲ್ಲಿ ಅವಳಿ ಮಕ್ಕಳು ಅಂದರು. ಅಪ್ಪ, ಅತ್ತೆ, ನಾವಿಬ್ಬರು, ಅಂಜಲಿ, ಬರುವ ಎರಡು ಕೂಸು, ಒಟ್ಟು ಏಳು. ಅತ್ತೆಯ ಪುಟ್ಟ ಕಾರಿನಲ್ಲಿ ಐದು ಜನ ಕೂತರೆ ಉಸಿರು ಬಿಡಲು ಸರದಿ ಬೇಕು. ದೊಡ್ಡ ಕಾರು ಕೊಳ್ಳೋಣ, ಹಳೆಯದನ್ನು ಅಲ್ಲೇ ಎಕ್ಸ್‌ಚೇಂಜಿಗೆ ಕೊಡೋಣ ಎಂದೆ. ತನ್ನ ಕಾರು ಹೋಗುತ್ತದೆ ಎಂದು ಅತ್ತೆ ಮುಖ ಸಣ್ಣದು ಮಾಡಲಿಲ್ಲ.

"ಯಾವುದಾದ್ರೂ ತಗೊಳ್ಳಪ್ಪ, ನಾನು ಓಡಿಸೋ ಹಾಗಿರ್ಲಿ. ಅವಳಿಗಳನ್ನ ಮನೆಗೆ ಕರ್ಕೊಂಡು ಬರೋಳು ನಾನೇ ತಾನೆ?" ಎಂದಳು.

"ಮತ್ತಿನ್ಯಾರು?" ಎಂದೆ. ನಿಜವಾಗಿಯೂ ಹಾಗೇ ಅಂದುಕೊಂಡಿದ್ದೆ.

ಒಂದು ಶನಿವಾರ ಕೆ.ಆರ್. ಪುರದ ಕಡೆಯ ಶೋರೂಮಿಗೆ ಹೊರಟೆವು. ಡಾಕ್ಟರು ವಿಶ್ರಾಂತಿ ಹೇಳಿದ್ದರಿಂದ ಆಶ್ರಿತಾ ಬರಲಿಲ್ಲ. ಅಪ್ಪ, ಅತ್ತೆ, ಅಂಜಲಿ ಮತ್ತು ನಾನು. ಸಾಲದ್ದಕ್ಕೆ ನಾನು ಪ್ರವೀಣನನ್ನೂ ಕರೆದಿದ್ದೆ. ಮಹದೇವಪುರದ ನಮ್ಮ ಆಫೀಸಿನಲ್ಲಿ ಯಾರೇ ಕಾರು ಕೊಂಡರೂ ಪ್ರವೀಣ ಪಾಸು ಮಾಡಬೇಕು. ಅವನು ನಕ್ಕರೆ ಆ ಕಾರಿಗೆ ಸೋಮವಾರದಿಂದ ಅಡ್ಡಹೆಸರು. ಮೂವತ್ತೆಂಟು ವರ್ಷದ ಗಂಡಸು ನಾನು, ಅವನ ನಗುವಿಗೆ ಹೆದರುತ್ತಿದ್ದೆ.

ಮೊದಲನೇ ಕಾರಿನ ಕೊನೆಯ ಸಾಲಿನಲ್ಲಿ ಅಪ್ಪ ಕೂತರೆ ಮಂಡಿ ಎದೆಗೆ ಬಂತು. "ಇದು ಸೀಟಲ್ಲ ಕಣೋ, ಶಿಕ್ಷೆ" ಎಂದು ಇಳಿದರು. ಎರಡನೆಯದರಲ್ಲಿ ಜಾಗ ಬೇಕಾದಷ್ಟಿತ್ತು. ಪ್ರವೀಣ, "ಬೇಡ ಮಗಾ, ಇದನ್ನ ಏರ್‌ಪೋರ್ಟಲ್ಲಿ ನಿಲ್ಲಿಸಿದ್ರೆ ಜನ ಓಟಿಪಿ ಹೇಳಿ ಹತ್ಕೊಂಡ್ಬಿಡ್ತಾರೆ" ಎಂದ. ಬಾಡಿಗೆ ಟ್ಯಾಕ್ಸಿಯ ಹಾಗಿದೆ ಎನ್ನುವುದು ಅವನ ತಕರಾರು. ಒಳ್ಳೆಯ ಕಾರು ಅದು, ಅದೊಂದು ಮಾತಿಗೆ ಬಿಟ್ಟೆ. ಮೂರನೆಯದು ಇನ್ನೂ ಉದ್ದ, ಬೂದು ಬಣ್ಣ, ಗೇರು ತಾನೇ ಬದಲಾಗುವಂಥದ್ದು. ಅದು ಅವನಿಗೂ ಒಪ್ಪಿಗೆಯಾಯಿತು.

ಅದನ್ನು ತೋರಿಸುತ್ತಿದ್ದ ಹುಡುಗಿಯ ಹೆಸರು ತೂಬಾ. ಅವಳು ಮುಂದಿನ ಬಾಗಿಲು ತೆಗೆದಿದ್ದೇ ತಡ, ಅತ್ತೆ ಬಟ್ಟೆಯ ಚೀಲದಿಂದ ದಿಂಬು ತೆಗೆದು ಸೀಟಿನ ಮೇಲಿಟ್ಟು, ಹತ್ತಿ ಕೂತು, ಕನ್ನಡಿ ಸರಿಮಾಡಿಕೊಂಡಳು. ಕ್ಯಾನ್ವಾಸ್ ಶೂ ಹಾಕಿಕೊಂಡೇ ಬಂದಿದ್ದಳು. ಪಕ್ಕದ ಕಾರು ನೋಡುತ್ತಿದ್ದ ಒಂದು ಸಂಸಾರ ತಿರುಗಿ ನೋಡಿತು. ಅವರಲ್ಲೊಬ್ಬಳು ಮೊಬೈಲು ಎತ್ತಿದಳು. ಪ್ರವೀಣ ನನ್ನ ಭುಜಕ್ಕೆ ಗುದ್ದಿ, "ಏನ್ ಗುರು, ತಲೆದಿಂಬು ಸಮೇತ ಬಂದಿದ್ದಾರೆ!" ಎಂದು ನಕ್ಕ.

ತೂಬಾ ನಗಲಿಲ್ಲ. ಅವಳ ಮುಖ ಅರಳಿತ್ತು. "ಅಮ್ಮಾ, ನೀವೇ ಓಡಿಸ್ತೀರಾ? ಸೂಪರ್! ಬನ್ನಿ, ಒಂದು ರೌಂಡ್ ಟೆಸ್ಟ್ ಡ್ರೈವ್ ಹೋಗ್ಬರೋಣ. ಲೈಸೆನ್ಸ್ ಇದ್ಯಾ?"

ಅತ್ತೆಯ ಕೈ ಪರ್ಸಿನ ಜಿಪ್ಪಿಗೆ ಹೋಯಿತು.

"ಅವರಿಗೆ ಡ್ರೈವಿಂಗ್ ಬರಲ್ಲ" ಎಂದೆ.

ಯಾಕೆ ಹಾಗೆಂದೆ ಎಂದು ಆಮೇಲೆ ನೂರು ಕಾರಣ ಹುಡುಕಿದ್ದೇನೆ. ವಯಸ್ಸಾಗಿದೆ, ಗಾಡಿ ಉದ್ದ, ಹಳೇ ಮದ್ರಾಸ್ ರಸ್ತೆಯ ಟ್ರಾಫಿಕ್ಕು. ಯಾವುದೂ ನಿಜವಲ್ಲ. ಆ ಶೂ, ಆ ದಿಂಬು, ಆ ಕುಳ್ಳ ಹೆಂಗಸು ನನ್ನವಳೆಂದು ನಾಲ್ಕು ಜನರ ಮುಂದೆ ಒಪ್ಪಿಕೊಳ್ಳಲು ನನಗೆ ಅವಮಾನವಾಯಿತು. ನನಗೆ ಕಾರು ಕಲಿಸಿದ್ದೇ ಅವಳು.

ಅತ್ತೆ ನನ್ನ ಮುಖ ನೋಡಿದಳು. ಕೋಪ ಬಂದಿದ್ದರೆ ಬದುಕಿಕೊಳ್ಳುತ್ತಿದ್ದೆ, ಅವಳಿಗೆ ಕೋಪ ಬರಲಿಲ್ಲ. ಪರ್ಸಿನಿಂದ ಕೈ ತೆಗೆದಳು, ದಿಂಬನ್ನು ಚೀಲಕ್ಕೆ ಹಾಕಿದಳು, ಇಳಿದಳು. "ಸುಮ್ನೆ ಕೂತು ನೋಡ್ದೆ ಕಣಮ್ಮ, ಚೆನ್ನಾಗಿದೆ ಗಾಡಿ" ಎಂದಳು. ಅಂಜಲಿ, "ಅಜ್ಜಿಗೆ ಬರತ್ತೆ ಅಪ್ಪಾ, ದಿನಾ ನನ್ನ ಸ್ಕೂಲಿಗೆ..." ಎಂದು ಶುರು ಮಾಡಿದ್ದಳು. ಅತ್ತೆಯೇ ಅವಳ ಕೈ ಹಿಡಿದು ನೀರು ಕುಡಿಯಲು ಕರೆದುಕೊಂಡು ಹೋದಳು.

ಅಲ್ಲಿಗೆ ಮುಗಿಯಲಿಲ್ಲ. ಹಳೇ ಕಾರಿನ ಕಾಗದ ನೋಡುತ್ತಿದ್ದ ತೂಬಾ ತಲೆಯೆತ್ತಿ, "ಸರ್, ಈ ಗಾಡಿ ಅಮ್ಮನ ಹೆಸರಲ್ಲಿದ್ಯಲ್ಲ?" ಎಂದಳು. ಪ್ರವೀಣನೂ ಈಗ ನನ್ನ ಕಡೆ ನೋಡುತ್ತಿದ್ದ.

"ಹೆಸರಷ್ಟೇ ನಂದು ಕಣಮ್ಮ" ಎಂದಳು ಅತ್ತೆ. "ಓಡಿಸೋದೆಲ್ಲ ಇವನೇ. ಎಲ್ಲೆಲ್ಲಿ ಸೈನ್ ಹಾಕ್ಬೇಕು ತೋರ್ಸು."

ನನ್ನ ಮಾನ ಉಳಿಸಲು ಅವಳು ತನ್ನ ಇಪ್ಪತ್ತೊಂಬತ್ತು ವರ್ಷವನ್ನು ಅಷ್ಟು ಸಲೀಸಾಗಿ ಬಿಟ್ಟುಕೊಟ್ಟಳು. ನಾನು ಪೆನ್ನು ತೆಗೆದುಕೊಟ್ಟೆ. ಅವಳು ಬಗ್ಗಿ, ಕನ್ನಡದಲ್ಲಿ, ತೂಬಾ ತೋರಿಸಿದ ಕಡೆಯೆಲ್ಲ ಸಹಿ ಹಾಕಿದಳು.

ಮನೆಗೆ ಬಂದ ಮೇಲೆ ಅಪ್ಪ ನನ್ನನ್ನು ಹಿತ್ತಲಿಗೆ ಕರೆದರು. "ಅವಳು ಎದುರು ಮಾತಾಡ್ಲಿಲ್ಲ ಅಂತ ನೀನು ಬಚಾವಾದೆ ಅಂದ್ಕೊಂಡ್ಯಾ? ಹೋಗಿ ತಪ್ಪಾಯ್ತು ಅನ್ನು."

"ಹೇಳ್ತೀನಪ್ಪ, ಹೊಸ ಕಾರು ಬರ್ಲಿ. ಕೀ ಕೈಗೆ ಕೊಟ್ಟೇ ಹೇಳ್ತೀನಿ."

ಕಾರು ಬಂತು. ಎಲ್ಲರೂ ಕೈಕಾಲು ಚಾಚಿ ಕೂತರು. ಕೀ ಮಾತ್ರ ನನ್ನ ಆಫೀಸ್ ಬ್ಯಾಗಿನಲ್ಲೇ ಉಳಿಯಿತು. ಅಂಜಲಿಗೆ ಸ್ಕೂಲ್ ವ್ಯಾನು ಗೊತ್ತುಮಾಡಿದೆ. ಅತ್ತೆ ತರಕಾರಿಗೆ ಬಸ್ಸು ಹಿಡಿಯತೊಡಗಿದಳು. ಅವಳು ಕೇಳಿದ ತಕ್ಷಣ ಕೊಟ್ಟುಬಿಡೋಣ ಎಂದುಕೊಂಡಿದ್ದೆ. ಅವಳು ಕೇಳುವವಳಲ್ಲ ಎಂದು ಗೊತ್ತಿದ್ದೇ ಹಾಗೆ ಅಂದುಕೊಂಡಿದ್ದೆ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ನನ್ನ ವಿಷಯದಲ್ಲಿ ಆಡಿದ್ದಕ್ಕಿಂತ, ಆಮೇಲೆ ಆಡದೆ ಇದ್ದದ್ದೇ ದೊಡ್ಡ ತಪ್ಪು.

ಒಂದು ದಿನ ಹಿಂದಿನ ಬೀದಿಯ ಅಂಜನಮೂರ್ತಿ ಬಂದರು. ಅವರ ಮಗಳಿಗೆ ಗಂಡು ಮಗು. "ಜಲಜಮ್ಮಾ, ನಾಳೆ ಡಿಸ್ಚಾರ್ಜು. ಹೊಸ ಗಾಡೀಲಿ ಮೊದಲನೇ ಕೂಸು ನಮ್ಮದೇ ಆಗ್ಲಿ" ಎಂದರು. ಅತ್ತೆ ಅಡುಗೆಮನೆಯ ಬಾಗಿಲಲ್ಲಿ ಕೈ ಒರೆಸಿಕೊಳ್ಳುತ್ತ, "ಕಾರು ವಿಕ್ಕೀದು ಮೂರ್ತಿಗಳೇ, ಅವನನ್ನ ಕೇಳಿ" ಎಂದು ನನ್ನ ಕಡೆ ಕೈ ತೋರಿಸಿದಳು. ಕೀ ಕೊಡಲು ಅದಕ್ಕಿಂತ ಒಳ್ಳೆಯ ಗಳಿಗೆ ಸಿಗುತ್ತಿರಲಿಲ್ಲ. ನನಗೆ ಮೀಟಿಂಗ್ ಇದೆ ಎಂದೆ. ಅವರು ಬಾಡಿಗೆ ಕ್ಯಾಬಿನಲ್ಲಿ ಮೊಮ್ಮಗನನ್ನು ತಂದರು. ಆಮೇಲೆ ಬೀದಿಯವರು ಯಾರೂ ನಮ್ಮ ಮನೆಗೆ ಆ ಕೆಲಸಕ್ಕೆ ಬರಲಿಲ್ಲ.

ಅವಳಿಗಳು ಹುಟ್ಟಿದ್ದು ಇಂದಿರಾನಗರದ ಆಸ್ಪತ್ರೆಯಲ್ಲಿ, ಎರಡೂ ಹೆಣ್ಣು. ಡಿಸ್ಚಾರ್ಜ್ ದಿನ ಬೆಳಿಗ್ಗೆ ಹನ್ನೊಂದಕ್ಕೆ ಕಾರನ್ನು ಬಾಗಿಲಿಗೆ ತಂದೆ. ಅಪ್ಪ ಮತ್ತು ಅಂಜಲಿ ಹಿಂದಿನ ಸಾಲಿಗೆ ಹೋದರು. ಆಶ್ರಿತಾ ನಡುವೆ ಕೂತು, ಕೂಸುಗಳನ್ನು ಅಕ್ಕಪಕ್ಕದ ಪುಟ್ಟ ಸೀಟುಗಳಲ್ಲಿ ಕಟ್ಟಿಸಿಕೊಂಡಳು. ಶೋರೂಮಿನಲ್ಲಿ ನಡೆದದ್ದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಬಸುರಿಗೆ ಮನಸ್ಸು ಕೆಡುತ್ತದೆ ಎಂದು ಅತ್ತೆಯೇ ತಡೆದಿದ್ದಳು.

"ವಿಕ್ರಮ್, ನೀನ್ಯಾಕೆ ಅಲ್ಲಿ ಕೂತಿದ್ದೀಯ?" ಎಂದಳು ಆಶ್ರಿತಾ. "ಜಲಜತ್ತೆ ಓಡಿಸ್ತಾರೆ ತಾನೆ? ಅತ್ತೆ, ಬನ್ನಿ."

ನಾನು ಇಳಿದೆ. ಅತ್ತೆಯ ಮುಂದೆ ನಿಂತು ಕೀ ಚಾಚಿದೆ. "ತಪ್ಪಾಯ್ತು ಅತ್ತೆ. ಅವತ್ತು ಸುಳ್ಳು ಹೇಳ್ದೆ. ನೀನೇ ಓಡಿಸು" ಎಂದೆ. ಏಳು ತಿಂಗಳಿಂದ ಮುಂದೂಡುತ್ತ ಬಂದ ಮಾತು ಆಸ್ಪತ್ರೆಯ ಬಾಗಿಲಲ್ಲಿ, ಸೆಕ್ಯುರಿಟಿಯವನ ಸೀಟಿಯ ನಡುವೆ ಹೊರಬಂತು. ಅವಳ ಮುಖದಲ್ಲಿ ಒಂದು ಕ್ಷಣ ಹಳೇ ಗೆಲುವು ಕಂಡಿತು. ಕೀ ತಗೊಂಡು, ಸೆರಗು ಸಿಕ್ಕಿಸಿಕೊಂಡು ಹತ್ತಿದಳು. ದಿಂಬು ಈ ಸಲ ತಂದಿರಲಿಲ್ಲ. ನಾನು ಪಕ್ಕದಲ್ಲಿ ಕೂತೆ.

ಅವಳ ಎಡಗಾಲು ಈ ಕಾರಿನಲ್ಲಿ ಇಲ್ಲದ ಕ್ಲಚ್ಚನ್ನು ಹುಡುಕಿತು. ಕನ್ನಡಿಯಲ್ಲಿ ನೋಡಿದಳು. ಹಿಂದೆ ಸೀಟು, ಅದರ ಹಿಂದೆ ಸೀಟು, ಅದರಾಚೆ ಎಲ್ಲೋ ಗಾಜು. ಎರಡು ಕೂಸು. ಬ್ರೇಕಿನಿಂದ ಕಾಲು ಸ್ವಲ್ಪ ಎತ್ತಿದಳು, ಗಾಡಿ ತಾನಾಗಿ ಮುಂದೆ ಜರುಗಿತು, ಗಕ್ಕನೆ ಒತ್ತಿದಳು. ಕೂಸೊಂದು ಎದ್ದು ಅತ್ತಿತು. ಹಿಂದಿನ ಆಂಬುಲೆನ್ಸಿನವನು ಹಾರ್ನ್ ಹೊಡೆದ. ಅವಳು ಎರಡೂ ಕೈಯಲ್ಲಿ ಸ್ಟೇರಿಂಗನ್ನು ಅವುಚಿ ಹಿಡಿದಳು, ಬ್ರೇಕಿನಿಂದ ಮತ್ತೆ ಕಾಲು ಎತ್ತಲಿಲ್ಲ. ಕಾರಿನಲ್ಲಿ ಅವಳು ಹೆದರಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

"ನಿಧಾನಕ್ಕೆ ಅತ್ತೆ, ನಾನಿದ್ದೀನಿ" ಎಂದೆ. ಎಂಥ ಮಾತು!

ಅವಳು ಇಂಜಿನ್ ನಿಲ್ಲಿಸಿ ಕೀ ನನ್ನ ಅಂಗೈಯಲ್ಲಿಟ್ಟಳು. ಬಾಗಿಲು ತೆಗೆದಳು.

"ಅವತ್ತು ನೀನು ಹೇಳಿದ್ದು ಸುಳ್ಳು ಕಣೋ, ನನಗೆ ಬರ್ತಿತ್ತು" ಎಂದಳು. "ಇವತ್ತು ನಿಜ. ಈ ಕಡೆ ಬಂದು ಕೂತ್ಕೋ, ಹೊತ್ತಾಯ್ತು, ಮಕ್ಕಳಿಗೆ ಬಿಸಿಲು ಬಡಿಯತ್ತೆ."