ಟೇಬಲು ಹಂಚಿಕೊಟ್ಟವರು

ಅವರ ಬಲಗೈಯ ಉಂಗುರದ ಬೆರಳು ನಡುಗಂಟಿನಲ್ಲೇ ಹೊರಕ್ಕೆ ಸೊಟ್ಟಗಾಗಿತ್ತು. ಉಳಿದ ಬೆರಳುಗಳೆಲ್ಲ ಒಂದು ಕಡೆ ಮಡಚಿಕೊಂಡರೆ ಅದೊಂದು ಮುನಿಸಿಕೊಂಡಂತೆ ಬೇರೆ ಕಡೆ ನಿಲ್ಲುತ್ತಿತ್ತು. ಹೋಟೆಲಿನಲ್ಲಿ ಪಳಗಿದವರು ಒಂದೇ ಕೈಯಲ್ಲಿ ನಾಲ್ಕು ಚಹಾ ಗ್ಲಾಸು ಹಿಡಿದು ಬರುತ್ತಾರೆ, ಇವರು ಮೂರೇ ಹಿಡಿಯುತ್ತಿದ್ದರು. ನಾಲ್ಕನೆಯವನು "ಮೇರಾ ಕಿಧರ್ ಹೈ ಅಣ್ಣಾ?" ಎಂದರೆ, "ಆತಾ ಹೈ, ಟ್ರೇನ್ ನಹೀ ಛೂಟ್ ರಹೀ ತೇರಿ" ಎಂದು ಗದರುತ್ತಿದ್ದರು, ಬರ್ತದೆ, ನಿನ್ನ ರೈಲೇನೂ ತಪ್ಪುತ್ತಿಲ್ಲ ಎಂದು.

ಡೊಂಬಿವಲಿಯ ನಮ್ಮ ಕಾಲೇಜಿನ ಕ್ಯಾಂಟೀನ್ ನಡೆಸುತ್ತಿದ್ದವರು ಅವರು. ಉಡುಪಿ ಕಡೆಯವರು. ಮರಾಠಿ, ಗುಜರಾತಿ, ಸಿಂಧಿ ಮಕ್ಕಳಿಗೆಲ್ಲ ಅವರು 'ಅಣ್ಣ'. ನನಗೂ ಅಣ್ಣನೇ, ಆದರೆ ನನ್ನ ಬಾಯಲ್ಲಿ ಆ ಪದ ಸ್ವಲ್ಪ ಹಿಂದಿಯಾಗಿ ಬರಲೆಂದು ನಾನು ಕಷ್ಟಪಡುತ್ತಿದ್ದೆ. ಯಾಕೆಂದರೆ ನನ್ನ ಅಪ್ಪನೂ ಕಲ್ಯಾಣದ ಒಂದು ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದವರು. ಏಳನೆಯವರೆಗೆ ಕನ್ನಡ ಶಾಲೆಯಲ್ಲಿ ಓದಿದವಳು ನಾನು. ಕಾಲೇಜಿಗೆ ಬಂದ ಮೇಲೆ ಕನ್ನಡ ಬಾರದವಳಂತೆ ನಟಿಸುತ್ತಿದ್ದೆ. ಅಪ್ಪ ಏನು ಮಾಡುತ್ತಾರೆ ಎಂದು ಗೆಳತಿಯರು ಕೇಳಿದರೆ 'ಹೋಟೆಲ್ ಮ್ಯಾನೇಜ್‌ಮೆಂಟ್' ಎನ್ನುತ್ತಿದ್ದೆ. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಸಿಟ್ಟು ಬರುತ್ತದೆ, ಬರಲಿ.

ನಾನು ಹುಡುಗಿಯರ ಬಾಸ್ಕೆಟ್‌ಬಾಲ್ ತಂಡದ ನಾಯಕಿಯಾಗಿದ್ದೆ. ಏಳು ಪಂದ್ಯ ಸತತವಾಗಿ ಸೋತ ತಂಡದ ನಾಯಕಿ. ಆಟದ ಉಸ್ತುವಾರಿ ನೋಡುತ್ತಿದ್ದ ದೈಹಿಕ ಶಿಕ್ಷಣದ ಸರ್‌ಗೆ ಕ್ರಿಕೆಟ್ ಬಿಟ್ಟರೆ ಬೇರೆ ಆಟವೇ ಕಾಣಿಸುತ್ತಿರಲಿಲ್ಲ. ನಮ್ಮ ಕಡೆಗೆ ಒಂದು ಚೆಂಡು ಎಸೆದು, ನೆರಳಲ್ಲಿ ಕುರ್ಚಿ ಹಾಕಿಕೊಂಡು, "ಜೋರ್ ಸೇ ಖೇಲೋ" ಎನ್ನುವರು. ಇದನ್ನು ತಂತ್ರ ಎನ್ನುವುದಾದರೆ ಬಸ್ಸಿನ ಹಿಂದೆ ಓಡುವುದೂ ತಂತ್ರವೇ. ಆ ವರ್ಷ ಆಡಳಿತ ಮಂಡಳಿ ಒಂದು ಮಾತು ಹೇಳಿ ಕಳಿಸಿತ್ತು. ಅಂತರ ಕಾಲೇಜು ಪಂದ್ಯಾವಳಿಯ ಮೊದಲ ಸುತ್ತಿನಲ್ಲಿ ಈ ಸಲವೂ ಸೋತರೆ ಹುಡುಗಿಯರ ತಂಡ ಬಂದ್, ಕ್ಯಾಂಟೀನಿನ ಹಿಂದಿನ ಆಟದಂಗಳದಲ್ಲಿ ಸಿಬ್ಬಂದಿಯ ವಾಹನ ನಿಲ್ಲಿಸುತ್ತಾರೆ ಎಂದು. ಹುಡುಗರ ಕ್ರಿಕೆಟ್ ತಂಡವೂ ಸೋಲುತ್ತಲೇ ಇತ್ತು. ಅವರ ಮೈದಾನದ ಮೇಲೆ ಯಾರೂ ಕಣ್ಣು ಹಾಕಲಿಲ್ಲ.

ಏಳನೆಯ ಸೋಲು ನಮ್ಮ ಅಂಗಳದಲ್ಲೇ ಆಯಿತು. ಎದುರು ತಂಡ ಬಸ್ಸು ಹತ್ತಿದ ಮೇಲೆ ಅಣ್ಣ ಕೈಯಲ್ಲಿ ಸೌಟು ಹಿಡಿದುಕೊಂಡೇ ಹಿಂಬಾಗಿಲಿನಿಂದ ಹೊರಗೆ ಬಂದರು. ಮುಖ ಕೆಂಪಾಗಿತ್ತು. ನೇರ ನನ್ನ ಮುಂದೆ ನಿಂತು ಕನ್ನಡದಲ್ಲಿ ಶುರು ಮಾಡಿದರು.

"ನಿಮ್ಗೆ ಮಂಡೆ ಸಮ ಉಂಟಾ? ಐದು ಜನ ಒಟ್ಟಿಗೆ ಒಂದೇ ಟೇಬಲಿಗೆ ಓಡಿದ್ರೆ ಬಾಕಿ ಗಿರಾಕಿಗಳಿಗೆ ಯಾರು ಬಡಿಸುದು? ನಿನ್ನ ಅಜ್ಜನಾ?"

"ಕ್ಯಾ ಬೋಲ್ ರಹೇ ಹೋ ಅಣ್ಣಾ?" ಎಂದೆ ನಾನು, ಏನೂ ತಿಳಿಯದವಳಂತೆ.

"ನಾಟಕ ಮಾಡ್ಬೇಡ. ನಿನ್ನ ಅಪ್ಪ ನಂಗೆ ಗೊತ್ತುಂಟು. ಒಳ್ಳೆ ಸಪ್ಲೈಯರ್. ಒಂದು ದಿವಸ ಇನ್ನೊಬ್ಬನ ಟೇಬಲಿಗೆ ಕೈ ಹಾಕಿದವರಲ್ಲ. ಅವರ ಮಗಳು ನೀನು, ಆಟದಲ್ಲಿ ಎಲ್ಲರ ಟೇಬಲಿಗೂ ಓಡ್ತಿ!"

ನನಗೆ ನೆಲ ಬಿರಿಯಬಾರದೇ ಅನ್ನಿಸಿತು. ಗೆಳತಿಯರಿಗೆ ಕನ್ನಡ ಬರುತ್ತಿರಲಿಲ್ಲ, ಅದೊಂದೇ ಸಮಾಧಾನ.

ಆ ಸೊಟ್ಟ ಬೆರಳಿನ ಕಥೆ ಆಗ ಗೊತ್ತಾಯಿತು. ಥಾಣೆಯ ಕಡೆಯ ಒಂದು ಕಾರ್ಖಾನೆ, ಹಿಂದೆ, ಆಟಗಾರರನ್ನೇ ಆರಿಸಿ ಕೆಲಸ ಕೊಡುತ್ತಿತ್ತಂತೆ. ಅಣ್ಣ ಅಲ್ಲಿ ಹತ್ತು ವರ್ಷ ಬಾಸ್ಕೆಟ್‌ಬಾಲ್ ಆಡಿದವರು. ಬೆರಳು ಮುರಿದದ್ದು ಅಲ್ಲೇ. ಕಾರ್ಖಾನೆ ಮುಚ್ಚಿದಾಗ ಭಾವನವರ ಹೋಟೆಲು ಸೇರಿ, ಅಲ್ಲಿಂದ ಈ ಕ್ಯಾಂಟೀನಿಗೆ ಬಂದಿದ್ದರು. ಆಟ ಬಿಟ್ಟಿದ್ದರು, ಆಟದ ಮೇಲಿನ ಸಿಟ್ಟು ಬಿಟ್ಟಿರಲಿಲ್ಲ.

ನಾಳೆಯಿಂದ ನಾನೇ ಕಲಿಸುತ್ತೇನೆ ಎಂದರು. ಮರುದಿನದಿಂದ ಮಧ್ಯಾಹ್ನದ ಊಟದ ಗದ್ದಲ ಮುಗಿದ ಮೇಲೆ ಕ್ಯಾಂಟೀನಿನ ಒಳಗೇ ನಮ್ಮ ಅಭ್ಯಾಸ. ಚೆಂಡು ಇಲ್ಲ. ಎಂಟು ಟೇಬಲು, ಐದು ಜನ ನಾವು. ಮುಂದಿನ ಇಬ್ಬರಿಗೆ ಎರಡೆರಡು ಟೇಬಲು, ಎಲ್ಲರಿಗಿಂತ ಎತ್ತರದವಳಿಗೆ ನಡುವಿನ ಎರಡು, ಮೂಲೆಯ ಇಬ್ಬರಿಗೆ ಒಂದೊಂದು. ಬದಲಿ ಆಟಗಾರ್ತಿಯರು ಗಿರಾಕಿಗಳು. ಅವರು ಬೇಕೆಂದೇ ಟೇಬಲು ಬದಲಾಯಿಸುತ್ತ ಓಡಾಡಬೇಕು. ನಮ್ಮ ಟೇಬಲಿನಿಂದ ಎದ್ದವಳ ಹಿಂದೆ ನಾವು ಓಡಬಾರದು. ಅವಳು ಐದಕ್ಕೆ ಹೋದರೆ "ಪಾಂಚ್!" ಎಂದು ಕೂಗಬೇಕು, ಐದರವಳು ನೋಡಿಕೊಳ್ಳುತ್ತಾಳೆ. ಹೋಟೆಲಿನ ಈ ಕ್ರಮ ಅಪ್ಪನ ಬಾಯಲ್ಲಿ ಎಷ್ಟೋ ಸಲ ಕೇಳಿದ್ದೆ. ಅದು ಆಟದಲ್ಲಿ ಬುಟ್ಟಿ ಕಾಯುವ ವಿದ್ಯೆ ಎಂದು ನನ್ನ ತಲೆಗೆ ಹೊಳೆದಿರಲಿಲ್ಲ.

ಕೂಗುವುದೇ ನಮಗೆ ಕಷ್ಟವಾಯಿತು. ನಾವು ಸಭ್ಯ ಮನೆಯ ಹುಡುಗಿಯರು. ಒಬ್ಬರಿಗೊಬ್ಬರು ತಾಗಿದರೆ 'ಸಾರಿ' ಎನ್ನುತ್ತಿದ್ದೆವು, ಎದುರು ತಂಡದವರಿಗೂ ಹೇಳುತ್ತಿದ್ದೆವು. ಆ ಪದ ಕೇಳಿದರೆ ಅಣ್ಣನಿಗೆ ಮೈ ಉರಿಯುತ್ತಿತ್ತು.

"ಬಿಸಿ ಸಾಂಬಾರು ಹಿಡಿದವ ಮೊದ್ಲೇ ಹೇಳ್ಬೇಕು, ಹಿಂದೆ ಇದ್ದೇನೆ ಅಂತ. ಮೈಮೇಲೆ ಚೆಲ್ಲಿದ ಮೇಲೆ ಸಾರಿ ಹೇಳಿದ್ರೆ ಬೊಕ್ಕೆ ಹೋಗ್ತದಾ?" ಎಂದು ನನಗೆ ಹೇಳಿ, ಉಳಿದವರಿಗೆ ಹಿಂದಿಯಲ್ಲಿ ಗುಡುಗಿದರು: "ಪೆಹಲೇ ಆವಾಜ್, ಬಾದ್ ಮೇ ಬಾಲ್!"

ಮೊದಲು ಸ್ವರ, ಆಮೇಲೆ ಚೆಂಡು. ಇದು ಅವರ ಮಂತ್ರ. ತುಂಬಿದ ನೀರಿನ ಗ್ಲಾಸುಗಳನ್ನು ತಟ್ಟೆಯಲ್ಲಿಟ್ಟು ಟೇಬಲುಗಳ ಸಂದಿಯಲ್ಲಿ ನಡೆಸುತ್ತಿದ್ದರು. ಗ್ಲಾಸು ನೋಡುತ್ತ ನಡೆದವಳ ನೀರು ಚೆಲ್ಲುತ್ತಿತ್ತು, ಎದುರು ನೋಡಿ ನಡೆದವಳದು ಚೆಲ್ಲುತ್ತಿರಲಿಲ್ಲ. ಒಂದು ವಾರ ಹೀಗೆ ನೀರು ಹೊತ್ತ ಮೇಲೆ, ಬುಟ್ಟಿಯ ಮುಂದಿನ ಜಾಗವನ್ನೂ ಎಂಟು ಟೇಬಲುಗಳೆಂದೇ ಹಂಚಿ, ಅಂಗಳಕ್ಕೆ ಬಿಟ್ಟರು. ಚೆಂಡು ನೆಲಕ್ಕೆ ಬಡಿಯುತ್ತ ಓಡುವಾಗ ನಾನು ಚೆಂಡಿನ ಕಡೆ ನೋಡುತ್ತಲೇ ಇಲ್ಲವೆಂದು ಗೊತ್ತಾದದ್ದು ಆವತ್ತು.

ಬೇರೆಯದನ್ನೂ ಬದಲಿಸಿದರು. ಅದುವರೆಗೆ ಚೆಂಡು ಸಿಕ್ಕ ಕೂಡಲೇ ಬುಟ್ಟಿಯಡಿ ನಿಂತ ಎತ್ತರದವಳಿಗೆ ಎಸೆಯುತ್ತಿದ್ದೆವು, ಮೂವರು ಅವಳನ್ನು ಮುತ್ತಿಕೊಳ್ಳುತ್ತಿದ್ದರು. ಅಣ್ಣ ಅವಳನ್ನು ಅಲ್ಲಿಂದ ಎತ್ತಿ ಮುಂದಕ್ಕೆ, ಫ್ರೀ ಥ್ರೋ ಗೆರೆಗೆ ತಂದರು. ಅವಳು ಹಾಕುವುದು ಬೇಡ, ಹಂಚಿದರೆ ಸಾಕು. ಮೂರು ಕೈ ದಾಟದೆ ಯಾರೂ ಬುಟ್ಟಿಗೆ ಎಸೆಯಬಾರದು. ಎಸೆದ ಮೇಲೆ ಬಾಯಿ ಬಿಟ್ಟು ಚೆಂಡು ನೋಡುತ್ತ ನಿಲ್ಲಬಾರದು, ಪಕ್ಕದ ಎದುರಾಳಿಗೆ ಬೆನ್ನು ಕೊಟ್ಟು ಅವಳ ದಾರಿ ಕಟ್ಟಬೇಕು. ದಣಿಯುವ ಮೊದಲೇ ಬದಲಾಗಬೇಕು. "ದಣಿದ ಸಪ್ಲೈಯರ್ ಪ್ಲೇಟು ಒಡಿತಾನೆ, ದಣಿದ ಆಟಗಾರ್ತಿ ಆಟ ಒಡಿತಾಳೆ" ಎನ್ನುತ್ತಿದ್ದರು. ಇಷ್ಟನ್ನು ಹೇಳಲು ಅವರು ಬೈದ ಬೈಗುಳಗಳನ್ನೆಲ್ಲ ಬರೆದರೆ ಈ ಪುಟ ಸಾಲದು. ಬೈದ ಮೇಲೆ ತಟ್ಟೆಯಲ್ಲಿ ಬನ್ಸ್ ತಂದಿಟ್ಟು, ಅದಕ್ಕೂ "ತಿನ್ನಿ, ಎಂತ ಮುಖ ನೋಡುದು" ಎಂದು ಬೈಯುತ್ತಿದ್ದರು.

ಮೊದಲ ಸುತ್ತಿನ ಪಂದ್ಯ ಖಾರಘರದ ಒಂದು ಕಾಲೇಜಿನಲ್ಲಿ ನಡೆಯಿತು. ಥಾಣೆಯಲ್ಲಿ ಗಾಡಿ ಬದಲಿಸಿ, ನೆರೂಳದಲ್ಲಿ ಮತ್ತೆ ಬದಲಿಸಿ ಹೋದೆವು. ತಂಡದ ಬೆಂಚಿನಲ್ಲಿ ಕೂರಲು ಅರ್ಜಿಯಲ್ಲಿ ಹೆಸರಿದ್ದವರಿಗೆ ಮಾತ್ರ ಅವಕಾಶ. ಅಲ್ಲಿದ್ದದ್ದು ಸರ್ ಹೆಸರು. ಹೊಸ ಟ್ರ್ಯಾಕ್‌ಸೂಟು ಹಾಕಿಕೊಂಡು ಅವರು ಕೂತರು. ಕ್ಯಾಂಟೀನಿಗೆ ಆ ದಿನ ರಜೆ ಹಾಕಿ ಬಂದಿದ್ದ ಅಣ್ಣ ತಂತಿ ಬಲೆಯ ಆಚೆ ನಿಂತರು.

ಅರ್ಧ ಆಟ ಮುಗಿದಾಗ ಒಂಬತ್ತು ಅಂಕ ಹಿಂದಿದ್ದೆವು. ಆಟದ ನಡುವೆ, ಟೇಬಲು ಕಾಯುತ್ತ ನಿಂತ ನಮ್ಮನ್ನು ಕಂಡು ಸರ್ ಕಿರುಚಿದ್ದರು, "ಖಡೀ ಕ್ಯೋಂ ಹೋ? ಭಾಗೋ! ಬಾಲ್ ಕೇ ಪೀಛೇ ಭಾಗೋ!" ಎಂದು. ಇಬ್ಬರು ಹೆದರಿ ತಮ್ಮ ಟೇಬಲು ಬಿಟ್ಟು ಚೆಂಡಿನ ಹಿಂದೆ ಓಡತೊಡಗಿದ್ದರಿಂದಲೇ ಅಷ್ಟು ಅಂಕ ಹೋದದ್ದು. ವಿರಾಮದಲ್ಲಿ ನಾನು ತಂಡದವರನ್ನು ಒಟ್ಟು ಸೇರಿಸಿ ಒಂದೇ ಮಾತು ಹೇಳಿದೆ: "ಸರ್ ಕೋ ಮತ್ ಸುನೋ. ಟೇಬಲ್ ಸಂಭಾಲೋ." ಸರ್ ಮಾತು ಕೇಳಬೇಡಿ, ಟೇಬಲು ನೋಡಿಕೊಳ್ಳಿ ಎಂದು. ನನ್ನ ಜೀವನದಲ್ಲಿ ಅಂಥ ಧೈರ್ಯ ಮಾಡಿದ್ದು ಅದೇ ಮೊದಲು.

ಆಟ ಮತ್ತೆ ಶುರುವಾದಾಗ ಬಲೆಯ ಆಚೆಯಿಂದ ಹೋಟೆಲಿನ ಸ್ವರ ಬಂತು. "ತೀನ್ ಖಾಲೀ! ಸಾತ್ ಪೇ ದೋ ಆದ್ಮೀ!" ಮೂರನೆಯ ಟೇಬಲು ಖಾಲಿ, ಏಳಕ್ಕೆ ಇಬ್ಬರು ಬಂದಿದ್ದಾರೆ ಎಂದು. ಎದುರು ತಂಡದವರು ನಕ್ಕರು, ಯಾರೋ ಕ್ಯಾಂಟೀನಿನವನು ಆರ್ಡರ್ ಕೂಗುತ್ತಿದ್ದಾನೆ ಎಂದು. ನಾವೂ ಕೂಗತೊಡಗಿದೆವು. ಐದು ಜನ ಒಂದೇ ಸಮನೆ ಕೂಗುವಾಗ ಎದುರಿನವರಿಗೆ ಚೆಂಡು ಎಲ್ಲಿ ಕೊಡಬೇಕೆಂದೇ ತಿಳಿಯಲಿಲ್ಲ. ಕೊನೆಯ ನಿಮಿಷದಲ್ಲಿ ಎತ್ತರದವಳು ಗೆರೆಯಲ್ಲಿ ಚೆಂಡು ಹಿಡಿದು, ಮೂವರು ತನ್ನ ಮೇಲೆ ಬಂದೊಡನೆ ಮೂಲೆಗೆ ಕೊಟ್ಟಳು. ಮೂಲೆಯವಳು ಹಾಕಿದಳು. ಒಂದು ಅಂಕದಿಂದ ಗೆದ್ದೆವು. ಓಡಿ ಬಲೆಯ ಹತ್ತಿರ ಹೋದರೆ ಅಣ್ಣ ಕಣ್ಣೊರೆಸಿಕೊಳ್ಳುತ್ತ ಬೈಯುತ್ತಿದ್ದರು, "ನಾಲ್ಕನೇ ಟೇಬಲು ಎರಡು ಸಲ ಖಾಲಿ ಬಿಟ್ರಿ, ನಾಚಿಕೆ ಇಲ್ವಾ?" ಎಂದು.

ಇನ್ನೊಂದು ಪಂದ್ಯವನ್ನೂ ಗೆದ್ದು, ಸೆಮಿಫೈನಲಿನಲ್ಲಿ ಸೋತೆವು. ತಂಡ ಉಳಿಯಿತು, ಅಂಗಳ ಉಳಿಯಿತು.

ಕಾಲೇಜಿನಲ್ಲಿ ಸನ್ಮಾನ ಸಮಾರಂಭವಾಯಿತು. ಸರ್‌ಗೆ ಶಾಲು, ತೆಂಗಿನಕಾಯಿ. ಬೆಂಚಿನಲ್ಲಿ ಕೂತು ತಪ್ಪು ಮಾತು ಕಿರುಚಿದ ಮನುಷ್ಯ ಶಾಲು ಹೊದ್ದು, 'ನನ್ನ ಯೋಜನೆ' ಎಂದು ಇಪ್ಪತ್ತು ನಿಮಿಷ ಮಾತಾಡಿದರು. ನಾಯಕಿಯಾದ ನಾನು ವಂದನಾರ್ಪಣೆ ಮಾಡಬೇಕಿತ್ತು. ಕೈಗೆ ಹೆಸರುಗಳ ಚೀಟಿ ಕೊಟ್ಟಿದ್ದರು. ಅದರಲ್ಲಿ ಶಾಮಿಯಾನಾದವರ ಹೆಸರೂ ಇತ್ತು, ಅಣ್ಣನ ಹೆಸರಿರಲಿಲ್ಲ. ಅದೇ ಹೊತ್ತಿಗೆ ಅವರು ಮುಂದಿನ ಸಾಲಿನ ಗಣ್ಯರಿಗೆ ಚಹಾ ಕೊಡುತ್ತ ಬಂದರು, ಕೈಗೆ ಮೂರೇ ಗ್ಲಾಸು. ನನ್ನ ಕಡೆ ನೋಡಿದರು. ಚೀಟಿ ಬಿಟ್ಟು ಒಂದು ವಾಕ್ಯ ಹೇಳಿದ್ದರೆ ಸಾಕಿತ್ತು. ಕ್ಯಾಂಟೀನಿನವರ ಹೆಸರು ಹೇಳಿದರೆ ನನಗೂ ಅವರಿಗೂ ಏನು ಸಂಬಂಧ ಎಂದು ಯಾರಾದರೂ ಕೇಳುತ್ತಾರೆ, ಅಪ್ಪನ ವಿಷಯ ಹೊರಗೆ ಬರುತ್ತದೆ ಎಂದು ಹೆದರಿದೆ. ಚೀಟಿಯಲ್ಲಿದ್ದದ್ದನ್ನು ಓದಿ ಇಳಿದೆ.

ಆಮೇಲೆ ಕ್ಯಾಂಟೀನಿಗೆ ಹೋದಾಗ ಅವರು ಗ್ಲಾಸು ತೊಳೆಯುತ್ತಿದ್ದರು. ನಾನು "ಸಾರಿ ಅಣ್ಣಾ" ಎಂದೆ. ಬೇರೆ ಪದ ಸಿಗಲಿಲ್ಲ ನೋಡಿ, ಅದೇ ಬೇಕಿತ್ತು!

ಅವರು ತಿರುಗಿ ನೋಡಲಿಲ್ಲ. "ಮೈಕು ನಿನ್ನ ಟೇಬಲು ಆಗಿತ್ತು" ಎಂದರು, ಬಹಳ ಮೆಲ್ಲಗೆ. ಅವರು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಎರಡು ವರ್ಷದೊಳಗೆ ಕಾಲೇಜಿನವರು ಕ್ಯಾಂಟೀನನ್ನು ಬೇರೆಯವರಿಗೆ ಕೊಟ್ಟರು. ಮಕ್ಕಳಿಗೆ ಪಿಜ್ಜಾ ಬೇಕಂತೆ. ಅಣ್ಣ ಕಾಮೋಠೆಗೆ ಹೋಗಿ ಸಣ್ಣದೊಂದು ತಿಂಡಿ ಅಂಗಡಿ ಹಾಕಿದರೆಂದು ಕೇಳಿದೆ. ಅಷ್ಟರಲ್ಲಿ ನನಗೆ ಮಹಾಪೆಯಲ್ಲಿ ಕೆಲಸ ಸಿಕ್ಕಿತ್ತು. ಅಲ್ಲಿಂದ ಕಾಮೋಠೆ ಏನು ಮಹಾ ದೂರ? ಹೋಗಲಿಲ್ಲ. ಇಂದು ಹೋಗುವೆ, ನಾಳೆ ಹೋಗುವೆ ಎಂದು ವರ್ಷಗಳು ಕಳೆದವು. ಒಂದು ಬೆಳಿಗ್ಗೆ ಹಳೆಯ ತಂಡದ ವಾಟ್ಸಾಪ್ ಗುಂಪಿನಲ್ಲಿ ಎತ್ತರದವಳು ಹಾಕಿದ್ದಳು, ಅಣ್ಣ ಹೋಗಿಬಿಟ್ಟರು ಎಂದು.

ಉತ್ತರಕ್ರಿಯೆಗೆ ಹೋದೆ. ಕಾಮೋಠೆಯ ಒಂದು ಸಣ್ಣ ಸಭಾಗೃಹ. ಊಟಕ್ಕೆ ಮೊದಲು ನಮ್ಮ ಕಡೆಯ ಪದ್ಧತಿಯಂತೆ ನುಡಿನಮನ. ಒಬ್ಬರು ಮೈಕು ಹಿಡಿದು 'ಹೋಟೆಲು ಉದ್ಯಮಿ, ಸರಳ ಜೀವಿ, ಮೃದು ಸ್ವಭಾವದವರು' ಎಂದರು. ಮೃದು ಸ್ವಭಾವ! ನನಗೆ ಎಲ್ಲಿಲ್ಲದ ಸಿಟ್ಟು ಬಂತು. ಯಾರೂ ಕರೆಯದಿದ್ದರೂ ಎದ್ದು ಹೋಗಿ ಮೈಕು ತೆಗೆದುಕೊಂಡೆ. ಅವರು ಮೃದುವಾಗಿರಲಿಲ್ಲ, ಮಹಾ ಕೋಪಿಷ್ಠರು, ಸೋಲುತ್ತಿದ್ದ ಒಂದು ತಂಡದ ಕೋಚ್ ಎಂದೆ. ಶಾಲು ಬೇರೆಯವರ ಹೆಗಲಿಗೆ ಹೋಯಿತು, ಅದನ್ನು ನೋಡುತ್ತ ಬಾಯಿ ಮುಚ್ಚಿಕೊಂಡಿದ್ದವಳು ನಾನೇ ಎಂದೆ. ಕಲ್ಯಾಣದ ಸಪ್ಲೈಯರ್ ಒಬ್ಬರ ಮಗಳು ಎಂದೂ ಹೇಳಿದೆ. ಸ್ವರ ಕೊನೆಯ ಸಾಲಿನವರೆಗೆ ಕೇಳಿಸಿತು.

ಕೆಳಗಿಳಿದಾಗ ಅವರ ಹೆಂಡತಿ ಬಂದು ನನ್ನ ಎದುರು ನಿಂತರು. ಅಳುತ್ತಿರಲಿಲ್ಲ.

"ಈಗ ಇಷ್ಟು ದೊಡ್ಡ ಸ್ವರ ಮಾಡಿ ಎಂತ ಪ್ರಯೋಜನ ಮಾರಾಯ್ತಿ? ಅವತ್ತು ಮಾಡಿದ್ರೆ ಅವರಿಗಾದ್ರೂ ಕೇಳ್ತಿತ್ತು" ಎಂದರು.

ಆಮೇಲೆ ಪಕ್ಕದಲ್ಲಿದ್ದ ನೀರಿನ ಜಗ್ಗು ಎತ್ತಿ ನನ್ನ ಕೈಗೆ ಕೊಟ್ಟರು.

"ಎಲೆ ಹಾಕಿ ಆಯ್ತು. ಗೋಡೆ ಬದಿಯ ಸಾಲು ನಿಂದು. ಬೇರೆ ಸಾಲಿಗೆ ಹೋಗ್ಬೇಡ."

ಜಗ್ಗು ಹಿಡಿದು ಗೋಡೆ ಬದಿಗೆ ನಡೆದೆ. ಸಾಂಬಾರಿನ ಬಕೆಟ್ಟು ಹಿಡಿದವರೊಬ್ಬರು ನನಗೆ ಬೆನ್ನು ಹಾಕಿ ಬಗ್ಗಿ ಬಡಿಸುತ್ತಿದ್ದರು. "ಹಿಂದೆ ಇದ್ದೇನೆ!" ಎಂದು ಕೂಗಿದೆ. ಇಡೀ ಸಭಾಗೃಹ ತಿರುಗಿ ನೋಡಿತು. ನಾನು ಬಗ್ಗಿ ಮೊದಲನೆಯ ಲೋಟಕ್ಕೆ ನೀರು ಹಾಕಿದೆ.