ಅತ್ತೆಯ ಹೊಲದ ಬಿಳಿ ಮಚ್ಚೆ

ಆತಂಕ ನನ್ನ ಹುಟ್ಟುಗುಣ. ಬಸ್ಸು ಹತ್ತಿದ ಮೇಲೆ ಬೀಗ ಹಾಕಿದೆನೋ ಇಲ್ಲವೋ ಎಂದು ಕೊರಗುತ್ತೇನೆ. ಹಾಕಿದ್ದು ನೆನಪಾದರೆ ಒಲೆ ಆರಿಸಿದೆನೋ ಇಲ್ಲವೋ ಎಂದು ಮತ್ತೆ ಶುರು ಮಾಡುತ್ತೇನೆ. ಇಂಥವಳು ರಸಾಯನಶಾಸ್ತ್ರಕ್ಕೆ ಬಂದದ್ದು ಒಳ್ಳೆಯದೇ ಆಯಿತು, ಒಂದು ಬಾಟಲಿಯನ್ನು ಮೂರು ಸಲ ತೊಳೆಯುವವರು ಪ್ರಯೋಗಾಲಯಕ್ಕೆ ಬೇಕು ಎಂದು ನನ್ನ ಗೈಡ್ ಹೇಳುತ್ತಿದ್ದರು. ಅವರ ಬಾಯಿಂದ ಬರುತ್ತಿದ್ದ ಹೊಗಳಿಕೆ ಅಷ್ಟೇ. ಆದರೆ ನಿಜವಾಗಿ ಅನುಮಾನ ಪಡಬೇಕಾಗಿದ್ದ ಒಂದು ಕಡೆ ನಾನು ಅನುಮಾನ ಬಂದರೂ ಬಾಯಿ ಮುಚ್ಚಿಕೊಂಡು ಕೂತೆ. ಎಂಬತ್ತರ ದಶಕದ ಮೊದಲ ವರ್ಷಗಳ ಮಾತು ಇದು.

ನಮ್ಮದು ತಿಪಟೂರಿನಿಂದ ತುರುವೇಕೆರೆಗೆ ಹೋಗುವ ರಸ್ತೆಯ ಮಗ್ಗುಲಿನ ಹಳ್ಳಿ. ಮನೆಯ ಅಟ್ಟದ ತುಂಬ ಕೊಬ್ಬರಿಗೆ ಬಿಟ್ಟ ಕಾಯಿ, ಹಿತ್ತಲಾಚೆ ತೋಟ. ಅಲ್ಲಿಂದ ರೈಲಿನಲ್ಲಿ ಅರ್ಧ ದಿನದ ದಾರಿಯ ವಿಶ್ವವಿದ್ಯಾಲಯದಲ್ಲಿ ನಾನು ಸಂಶೋಧನೆಗೆ ಸೇರಿದ್ದೆ. ವಿಷಯ, ತೆಂಗಿನ ಸೀಮೆಯ ಮಣ್ಣು ಮತ್ತು ನೀರಿನಲ್ಲಿರುವ ಲವಣಗಳು. ನಮ್ಮ ಕಡೆಯ ಹುಡುಗಿಯೊಬ್ಬಳು ನಮ್ಮ ಕಡೆಯ ಮಣ್ಣನ್ನೇ ಓದುತ್ತಾಳೆ ಎಂದು ಅಪ್ಪನಿಗೆ ಹೆಮ್ಮೆ. ಮಣ್ಣು ಓದೋಕೆ ಅಷ್ಟು ದೂರ ಯಾಕೆ ಹೋಗಬೇಕು ಎಂಬುದು ಅವ್ವನ ಪ್ರಶ್ನೆ.

ಎರಡನೆಯ ವರ್ಷ ಗೈಡ್ ಒಂದು ಉದ್ದನೆಯ ರಟ್ಟಿನ ಕೊಳವೆ ಹಿಡಿದು ಬಂದರು. ಒಳಗಿದ್ದದ್ದು ಉಪಗ್ರಹ ತೆಗೆದ ಚಿತ್ರದ ದೊಡ್ಡ ಅಚ್ಚು. ಅಂಥದ್ದನ್ನು ನಮ್ಮ ವಿಭಾಗದಲ್ಲಿ ಯಾರೂ ನೋಡಿರಲಿಲ್ಲ. ನಾಲ್ಕು ಮೂಲೆಗೂ ಆಸಿಡ್ ಬಾಟಲಿ ಇಟ್ಟು ಮೇಜಿನ ಮೇಲೆ ಹರಡಿದೆವು. ಎಲೆಗಳಿಂದ ಬರುವ, ಕಣ್ಣಿಗೆ ಕಾಣದ ಒಂದು ಬೆಳಕನ್ನು ಆ ಯಂತ್ರ ಹಿಡಿಯುತ್ತಿತ್ತು. ಅದನ್ನು ಅಚ್ಚಿನಲ್ಲಿ ಕೆಂಪಾಗಿ ತೋರಿಸುತ್ತಿದ್ದರು. ಹಾಗಾಗಿ ನಮ್ಮ ಹಸಿರು ಸೀಮೆಯೆಲ್ಲ ಕೆಂಪು. ತಿಪಟೂರು, ತುರುವೇಕೆರೆಯ ತೋಟಗಳು ದಟ್ಟ ಕೆಂಪು. ಚಿಕ್ಕನಾಯಕನಹಳ್ಳಿ ದಾಟಿ ಹುಳಿಯಾರಿನ ಕಡೆ ಹೋದಂತೆ ಕೆಂಪು ಚದುರುತ್ತಿತ್ತು. ಬೋರನಕಣಿವೆ ಜಲಾಶಯದ ನೀರು ಒಂದು ಕಪ್ಪು ಹನಿ. ಅದರಿಂದ ತುಸು ದೂರ, ಕೆಂಕೆರೆಯ ಆಚೆ, ಸುತ್ತ ಕೆಂಪಿದ್ದ ಕಡೆ ನಡುವೆ ಒಂದು ಬೆಳ್ಳನೆಯ ಮಚ್ಚೆ.

ಗೈಡ್ ಪೆನ್ಸಿಲಿನ ತುದಿ ಅಲ್ಲಿಟ್ಟರು. "ಇಲ್ಲಿ ಯಾಕೆ ಬೆಳೆ ಇಲ್ಲ? ಉಪ್ಪು ಮೇಲೆದ್ದಿರಬಹುದು. ಹೋಗಿ ಮಣ್ಣು ತಾ."

ನಾನು ತಾಲ್ಲೂಕು ನಕಾಶೆಯನ್ನು ಪಕ್ಕದಲ್ಲಿಟ್ಟು ಅಳೆದೆ. ಮಚ್ಚೆ ಬಿದ್ದಿದ್ದದ್ದು ನನ್ನ ಸೋದರತ್ತೆಯ ಊರಿನಲ್ಲಿ, ಆಕೆಯ ಹೊಲದ ಮೇಲೆ.

ಅತ್ತೆ ಅಪ್ಪನಿಗಿಂತ ದೊಡ್ಡವಳು. ಮಾವ ತೀರಿಹೋಗಿ ಹತ್ತು ವರ್ಷವಾಗಿತ್ತು. ಮೂರು ಎಕರೆ ಹೊಲದಲ್ಲಿ ರಾಗಿ, ಹುರುಳಿ ಬೆಳೆದುಕೊಂಡು ಯಾರ ಹಂಗೂ ಇಲ್ಲದೆ ಇದ್ದವಳು. ಅವಳಿಗೊಂದು ಆಸೆಯಿತ್ತು. ತಾನು ತೋಟದ ಮನೆಯಲ್ಲಿ ಹುಟ್ಟಿದವಳು, ಸಾಯುವುದರೊಳಗೆ ತನ್ನದೂ ಒಂದು ತೋಟ ಆಗಬೇಕು. ಹಿಂದಿನ ಬೇಸಿಗೆಯಲ್ಲಿ ಬಾವಿ ತೆಗೆಸಿ, ಮುಂಗಾರಿಗೆ ಹೊಲದ ತುಂಬ ತೆಂಗಿನ ಸಸಿ ನೆಟ್ಟಿದ್ದಳು. ಒಂದೊಂದು ಸಸಿಗೂ ಕೊಡದಲ್ಲಿ ನೀರು ಹೊತ್ತಿದ್ದಳು. ಇದೆಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ, ಹೊಸದಾಗಿ ನೆಟ್ಟ ಮೊಣಕಾಲೆತ್ತರದ ಸಸಿಗಳು ಆಕಾಶದಿಂದ ಕಾಣುವುದಿಲ್ಲ, ಬರೀ ನೆಲ ಕಾಣುತ್ತದೆ ಎಂಬುದು ನನಗೆ ಹೊಳೆಯಲಿಲ್ಲ. ಗೈಡ್ ಉಪ್ಪು ಎಂದಿದ್ದರು, ನನ್ನ ತಲೆಯಲ್ಲಿ ಉಪ್ಪೇ ಕೂತಿತ್ತು.

ಚಳಿಗಾಲದ ಕೊನೆಯಲ್ಲಿ ಗೋಣಿಚೀಲ, ಬಾಟಲಿ, ಮಣ್ಣು ಕೊರೆಯುವ ಬೈರಿಗೆ ಹೊತ್ತು ಹೋದೆ. ಅತ್ತೆ ನನ್ನ ಬೆರಳುಗಳನ್ನು ನೋಡಿ ಗಾಬರಿಯಾದಳು. ಸಿಲ್ವರ್ ನೈಟ್ರೇಟ್ ತಾಗಿ ತುದಿಗಳೆಲ್ಲ ಕಪ್ಪಗಾಗಿದ್ದವು.

"ಇದೇನೇ, ಗೇರೆಣ್ಣೆ ಮುಟ್ಟಿದೋಳಂಗೆ?"

"ಉಪ್ಪು ಅಳೆಯೋ ಔಷಧಿ ಅತ್ತೆ. ಹೋಗಲ್ಲ."

"ಉಪ್ಪು ಅಳೆಯೋಕೆ ಔಷಧಿ ಬೇಕಾ? ನಾಲಗೆ ಇಲ್ವಾ?" ಎಂದು ನಕ್ಕಳು.

ಅಚ್ಚಿನ ಒಂದು ತುಂಡನ್ನು ತೋರಿಸಿದೆ. ಮೇಲೆ ಹಾರುವ ಯಂತ್ರ ತೆಗೆದದ್ದು ಎಂದೆ. ಬೆರಳಿಟ್ಟು, "ನಮ್ಮನೆ ಎಲ್ಲೈತೆ?" ಎಂದಳು. ಮನೆ ಕಾಣಲ್ಲ, ಒಂದು ಚುಕ್ಕೆ ಅಂದರೆ ಒಂದು ಎಕರೆಗಿಂತ ದೊಡ್ಡದು ಎಂದು ವಿವರಿಸಿದೆ.

"ಮನೇನೇ ಕಾಣ್ದಿದ್ಮೇಲೆ ಅದಕ್ಕೆ ಇನ್ನೇನು ಕಂಡಾತು ಬುಡು," ಎಂದು ಅತ್ತೆ ಸೆರಗು ಸಿಕ್ಕಿಸಿಕೊಂಡು ಹೊಲದ ಕಡೆ ಹೊರಟಳು.

ನೆಲ ಕಲ್ಲಾಗಿತ್ತು. ಸಾಲುಗಳ ನಡುವೆ ಬೈರಿಗೆ ಇಳಿಯಲಿಲ್ಲ. ಕೈ ಬೊಬ್ಬೆ ಬಂದರೂ ಸಿಕ್ಕಿದ್ದು ಎರಡು ಹಿಡಿ ಮಣ್ಣು. ಅತ್ತೆ ನೋಡಲಾರದೆ, "ಇಲ್ಲಿ ತಗಳೇ, ಗುಂಡಿ ಮಣ್ಣು ಸಡಿಲಾಗೈತೆ," ಎಂದು ಸಸಿಗಳ ಬುಡ ತೋರಿಸಿದಳು. ನಾನು ಹತ್ತು ಗುಂಡಿಗಳಿಂದ ಹತ್ತು ಪೊಟ್ಟಣ ಕಟ್ಟಿದೆ. ಆ ಎರಡು ಹಿಡಿಯನ್ನೂ ಬೇರೆ ಪೊಟ್ಟಣ ಮಾಡಿ, ಸಾಲದು ಎಂದು ಗುರುತು ಹಾಕಿ ಇಟ್ಟೆ. ಬಾವಿಯಿಂದ ಒಂದು ಬಾಟಲಿ ನೀರು ತುಂಬಿಕೊಂಡೆ.

ಪ್ರಯೋಗಾಲಯದಲ್ಲಿ ಹತ್ತಕ್ಕೆ ಹತ್ತೂ ಉಪ್ಪು. ಹಳದಿ ದ್ರಾವಣ ಇಟ್ಟಿಗೆ ಕೆಂಪಿಗೆ ತಿರುಗುವಷ್ಟರಲ್ಲಿ ಔಷಧಿ ಹನಿಸುವ ಗಾಜಿನ ಬ್ಯೂರೆಟ್ ಬರಿದಾಗುತ್ತಿತ್ತು. ಉಪ್ಪು ಹೆಚ್ಚಿದ್ದಷ್ಟೂ ಹನಿ ಹೆಚ್ಚು ಬೇಕು. ಗೈಡ್ ನನ್ನ ನೋಟ್‌ಬುಕ್ ನೋಡಿ, ಚಿತ್ರ ನೋಡಿ, ಮತ್ತೆ ನೋಟ್‌ಬುಕ್ ನೋಡಿ, "ತುಂಬ ಚೆನ್ನಾಗಿದೆ," ಎಂದರು. ಮೇಲಿನಿಂದ ಕಂಡದ್ದು ಕೆಳಗಿನ ಮಣ್ಣಿನಲ್ಲಿ ಸಿಕ್ಕಿತು, ಇದೇ ಒಂದು ಅಧ್ಯಾಯ ಎಂದರು. ಮರುದಿನ ಬಾವಿಯ ನೀರು ಪರೀಕ್ಷಿಸಿದೆ. ಸಿಹಿ ನೀರು. ಮಣ್ಣೆಲ್ಲ ಉಪ್ಪಾಗಿ ನೀರು ಮಾತ್ರ ಸಿಹಿ ಹೇಗೆ? ಹೇಳಬೇಕೆಂದು ಗೈಡ್ ಕೋಣೆಯ ಬಾಗಿಲವರೆಗೆ ಎರಡು ಸಲ ಹೋದೆ. ಅವರು ಯಾರೊಂದಿಗೋ ನನ್ನ ಮಚ್ಚೆಯ ಬಗ್ಗೆಯೇ ಉತ್ಸಾಹದಿಂದ ಮಾತಾಡುತ್ತಿದ್ದರು. ವಾಪಸು ಬಂದು, ಬಾಟಲಿ ಸರಿಯಾಗಿ ತುಂಬಿಲ್ಲವೇನೋ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ನೀರಿನ ಲೆಕ್ಕವನ್ನು ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಸಣ್ಣದಾಗಿ ಬರೆದಿಟ್ಟೆ. ಅದು ಹೇಡಿತನ, ಬೇರೆ ಹೆಸರು ಅದಕ್ಕಿಲ್ಲ.

ಹೇಡಿತನ ಅಲ್ಲಿಗೆ ನಿಂತಿದ್ದರೆ ನನ್ನದೊಬ್ಬಳದೇ ಪಾಡಾಗುತ್ತಿತ್ತು. ಅತ್ತೆ ಆ ಬಿಸಿಲಲ್ಲಿ ಕೊಡ ಹೊರುತ್ತಿರುವುದು ನೆನಪಾಗಿ ಸಂಕಟವಾಯಿತು. ಒಂದು ಕಾರ್ಡು ಬರೆದೆ. 'ಅತ್ತೆ, ಪರೀಕ್ಷೆ ಮಾಡಿದೆ. ನಿಮ್ಮ ಹೊಲ ಉಪ್ಪೇರಿ ಚೌಳಾಗುತ್ತಿದೆ. ತೆಂಗು ನಿಲ್ಲುವುದಿಲ್ಲ. ಸುಮ್ಮನೆ ಜೀವ ತೇಯಬೇಡಿ.' ಅಂಚೆಯ ಡಬ್ಬಿಗೆ ಹಾಕಿ ಬಂದಾಗ ಒಂದು ಒಳ್ಳೆಯ ಕೆಲಸ ಮಾಡಿದೆ ಎನ್ನಿಸಿತ್ತು.

ಶಿವರಾತ್ರಿಗೆ ಊರಿಗೆ ಹೋದೆ. ಬೆಳಿಗ್ಗೆ ಅವ್ವ ಪೂಜೆಯ ಪಾತ್ರೆ ಬೆಳಗುತ್ತಾ, "ಹಿತ್ಲಲ್ಲಿ ಹೊಸ ಸಸಿಗೆ ಗೆದ್ದಲು ಹತ್ತೈತೆ. ಕಲ್ಲುಪ್ಪು ತಗಂಡೋಗಿ ಒಂದೊಂದು ಹಿಡಿ ಹಾಕ್ಬಾ," ಎಂದಳು. ಕುಡಿಕೆ ಹಿಡಿದು ಹೋದೆ. ಮೊದಲನೆಯದಕ್ಕೆ ಒಂದು ಹಿಡಿ, ಎರಡನೆಯದಕ್ಕೆ ಒಂದು ಹಿಡಿ. ನಾಲ್ಕನೆಯ ಸಸಿಯ ಬಳಿ ಬಗ್ಗಿದಾಗ ನನ್ನ ಕೈ ನನಗೇ ಕಾಣಿಸಿತು. ಕಪ್ಪಾದ ಬೆರಳ ತುದಿಗಳ ನಡುವೆ ಬೆಳ್ಳಗಿನ ಉಪ್ಪು. ಕುಡಿಕೆ ಕೆಳಗಿಟ್ಟು ಅಲ್ಲೇ ಪಾತಿಯ ದಂಡೆಯ ಮೇಲೆ ಕೂತೆ.

ತೆಂಗು ನೆಡುವಾಗ ಗುಂಡಿಗೆ ಮರಳು, ಉಪ್ಪು ಹಾಕುವುದು ನಮ್ಮ ಸೀಮೆಯಲ್ಲಿ ಮಾತಾಡಿ ತಿಳಿಯುವ ಸಂಗತಿಯಲ್ಲ. ಮಳೆ ಮುಗಿದ ಮೇಲೆ ಬುಡಕ್ಕೆ ಇನ್ನೊಂದು ಹಿಡಿ. ನಾನೇ ಲಂಗ ಉಡುತ್ತಿದ್ದ ವಯಸ್ಸಿನಿಂದ ಎಷ್ಟು ಗುಂಡಿಗಳಿಗೆ ಹಾಕಿದ್ದೆನೋ. ಅದು ಕೈಗೆ ಗೊತ್ತಿತ್ತು, ತಲೆಗೆ ಗೊತ್ತಿರಲಿಲ್ಲ. ಪ್ರಯೋಗಾಲಯದಲ್ಲಿ ನಾನು ಅಳೆದದ್ದು ಅತ್ತೆಯೇ ಹಾಕಿದ ಉಪ್ಪನ್ನು. ಆಕಾಶದಿಂದ ಕಂಡ ಬಿಳಿ ನೆಲ ಸಾಯುತ್ತಿರುವ ನೆಲವಲ್ಲ, ತೋಟವಾಗಲು ಹೊರಟ ನೆಲ.

ಆ ಕ್ಷಣವೇ ನಾನು ಹುಳಿಯಾರಿನ ಬಸ್ಸು ಹತ್ತಬೇಕಿತ್ತು. ಹತ್ತಲಿಲ್ಲ. ನನ್ನ ಹುಟ್ಟುಗುಣ ಆಗ ಎದ್ದು ಕೂತಿತು. ಇದೂ ತಪ್ಪಾಗಿದ್ದರೆ? ಒಂದು ಸಲ ಹೇಳಿದ್ದನ್ನು ಇನ್ನೊಂದು ಸಲ ತಿರುಗಿಸಿ, ಅದೂ ಸುಳ್ಳಾದರೆ ಅತ್ತೆಯ ಮುಖ ಹೇಗೆ ನೋಡಲಿ? ಖಚಿತವಾಗದೆ ಬಾಯಿ ಬಿಡಬಾರದು ಎಂದು ವಿಶ್ವವಿದ್ಯಾಲಯಕ್ಕೆ ಮರಳಿದೆ. ಆ ಎರಡು ಹಿಡಿ ಮಣ್ಣಿನ ಪೊಟ್ಟಣ ಕಪಾಟಿನಲ್ಲಿ ಸಿಗಲು ಒಂದು ದಿನ, ಒಣಗಿಸಿ ನೆನೆಸಿ ಸೋಸಲು ಎರಡು ದಿನ. ನಾಲ್ಕನೆಯ ದಿನ ಬ್ಯೂರೆಟ್ ತಿರುಗಿಸಿದೆ. ಕೆಲವೇ ಹನಿಗಳಿಗೆ ಬಣ್ಣ ತಿರುಗಿಬಿಟ್ಟಿತು. ಸಾಲುಗಳ ನಡುವಿನ ಮಣ್ಣಿನಲ್ಲಿ ಹೇಳಿಕೊಳ್ಳುವಂಥ ಉಪ್ಪೇ ಇರಲಿಲ್ಲ.

ಹೊರಟೆ. ರೈಲು, ತಿಪಟೂರಿನಿಂದ ಬಸ್ಸು, ಹುಳಿಯಾರಿನಿಂದ ನಡಿಗೆ. ದಾರಿಯುದ್ದಕ್ಕೂ ಒಂದೇ ಮಾತು ಮನಸ್ಸಿನಲ್ಲಿ. ಕಾರ್ಡು ತಲುಪಿರಬಾರದು, ತಲುಪಿದ್ದರೂ ಯಾರೂ ಓದಿ ಹೇಳಿರಬಾರದು, ಹೇಳಿದ್ದರೂ ಅತ್ತೆ ನಂಬಿರಬಾರದು. ಅವಳು ಯಾರ ಮಾತನ್ನೂ ಸುಲಭಕ್ಕೆ ನಂಬುವವಳಲ್ಲ ಎಂದು ಧೈರ್ಯ ತಂದುಕೊಂಡೆ.

ಹೊಲದ ಬದುವಿನ ಮೇಲೆ ನಿಂತಾಗ ಮೊದಲು ಕಂಡದ್ದು ಗುಂಡಿಗಳು. ಸಸಿಗಳೆಲ್ಲ ಬಾವಿಯ ಪಕ್ಕ ರಾಶಿ ಬಿದ್ದಿದ್ದವು, ಗರಿಗಳು ಬಾಡಿ ಕಂದಿದ್ದವು. ಬಾವಿಗೆ ಹತ್ತಿರದ ಒಂದೇ ಸಾಲು, ಹನ್ನೊಂದು ಸಸಿ, ನಿಂತಿತ್ತು. ಅತ್ತೆ ಹುಣಸೆ ಮರದ ಕೆಳಗೆ ಕೂತಿದ್ದಳು.

"ಬಂದ್ಯಾ," ಎಂದಳು. "ಕಾರ್ಡು ಬಂತು. ಪೋಸ್ಟಿನೋನ ಕೈಲಿ ಎರಡು ಸಲ ಓದಿಸ್ದೆ. ಹದಿನೈದು ದಿನ ಸುಮ್ನೆ ನೋಡ್ತಾ ಕೂತಿದ್ದೆ ಕಣೇ, ಕೈ ಬರ್ಲಿಲ್ಲ. ಸೋಮವಾರದಿಂದ ಕಿತ್ತೆ. ಇದೊಂದು ಸಾಲು ಯಾಕೋ ಮನಸ್ಸಾಗ್ಲಿಲ್ಲ."

ಸೋಮವಾರ ನಾನು ಕಪಾಟಿನಲ್ಲಿ ಪೊಟ್ಟಣ ಹುಡುಕುತ್ತಿದ್ದೆ.

ನಿಂತುಕೊಂಡೇ ಎಲ್ಲ ಹೇಳಿದೆ. ನೀವೇ ಹಾಕಿದ ಉಪ್ಪು, ಹೊಲ ಚೆನ್ನಾಗಿದೆ, ನಾನು ತಪ್ಪು ಮಾಡಿದೆ ಎಂದೆ. ಬೈಯಲಿ ಎಂದು ಕಾಯುತ್ತಿದ್ದೆ. ಅತ್ತೆ ಎದ್ದು ಹೋಗಿ ರಾಶಿಯಿಂದ ಒಂದು ಸಸಿ ಎತ್ತಿಕೊಂಡಳು.

"ಉಪ್ಪು ಹಾಕಿದ್ರಾ ಅತ್ತೆ ಅಂತ ಒಂದು ಮಾತು ಕೇಳಿದ್ರೆ ಹೇಳ್ತಿರ್ಲಿಲ್ವೇನೇ," ಎಂದಳು. ಆಮೇಲೆ, "ಬೇರೆ ಯಾರು ಹೇಳಿದ್ರೂ ನಂಬ್ತಿರ್ಲಿಲ್ಲ. ನಮ್ಮ ಹುಡುಗಿ, ಓದಿದೋಳು ಅಂತ ನಂಬ್ದೆ."

ರಾಶಿಯಲ್ಲಿ ಬೇರು ಹಸಿಯಿದ್ದವನ್ನು ಆರಿಸಿ ಮತ್ತೆ ನೆಡಲು ಅವತ್ತೆಲ್ಲ ಹೆಣಗಿದೆವು. ಒಂದೂ ಹಿಡಿಯಲಿಲ್ಲ. ಅತ್ತೆ ಮತ್ತೆ ಸಸಿ ತರಲಿಲ್ಲ. ಇನ್ನೊಂದು ಸಲ ಗುಂಡಿ ತೋಡುವ ಕಸುವು ತನ್ನಲ್ಲಿಲ್ಲ ಎಂದು ಮುಂದಿನ ಮಳೆಗೆ ರಾಗಿ ಬಿತ್ತಿದಳು. ಗೈಡ್ ಮುಂದೆ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಿಟ್ಟಾಗ ಅವರು ಕೂಗಾಡಲಿಲ್ಲ, "ಇದನ್ನು ಅವತ್ತೇ ತೋರಿಸಬೇಕಿತ್ತು," ಎಂದರು ಅಷ್ಟೇ. ಆ ಅಧ್ಯಾಯ ಹರಿದು ಹೋಯಿತು, ನನಗೆ ಪದವಿ ಸಿಗಲು ಇನ್ನೆರಡು ವರ್ಷ ಹಿಡಿಯಿತು. ಅದಕ್ಕೆ ನಾನು ಯಾವತ್ತೂ ಕೊರಗಿಲ್ಲ.

ದಶಕದ ಕೊನೆಗೆ ನಾನು ಅದೇ ವಿಭಾಗದಲ್ಲಿ ಪಾಠ ಮಾಡುತ್ತಿದ್ದೆ. ಹೊಸ ಚಿತ್ರಗಳು ಬಂದವು. ಹಿಂದಿನವಕ್ಕಿಂತ ಸ್ಪಷ್ಟ. ಸಂಶೋಧನೆಗೆ ಸೇರಿದ್ದ ವಿದ್ಯಾರ್ಥಿನಿಯೊಬ್ಬಳು ಮೇಜಿನ ಮೇಲೆ ಹರಡಿ ನೋಡುತ್ತಿದ್ದಳು. ಹುಳಿಯಾರಿನ ಸುತ್ತ ಕೆಂಪು ಹಬ್ಬಿತ್ತು. ಅತ್ತೆಯ ಅಕ್ಕಪಕ್ಕದವರೆಲ್ಲ ತೋಟ ಮಾಡಿದ್ದರು. ಅವರ ನಡುವೆ ರಾಗಿ ಕೊಯ್ದ ಮೂರು ಎಕರೆ, ಅದೇ ಜಾಗ, ಅದೇ ಬಿಳುಪು. ಭೂತಗನ್ನಡಿ ಹಿಡಿದು ಬಾವಿಯ ಕಡೆ ನೋಡಿದೆ. ಹನ್ನೊಂದು ಮರ ಆ ವರ್ಷ ಹೊಂಬಾಳೆ ಬಿಟ್ಟಿವೆ ಎಂದು ಅತ್ತೆ ಹೇಳಿಕಳಿಸಿದ್ದಳು. ಚಿತ್ರದಲ್ಲಿ ಅವು ಕಾಣಲಿಲ್ಲ.

"ಮೇಡಂ, ಇಲ್ಲಿ ಮಾತ್ರ ಯಾಕೆ ಹೀಗೆ? ಮಣ್ಣಲ್ಲಿ ಉಪ್ಪಿರಬಹುದಾ?" ಎಂದಳು ಹುಡುಗಿ.

"ಉಪ್ಪಲ್ಲಮ್ಮ," ಎಂದೆ. "ಅಲ್ಲಿ ತೋಟ ಇರಬೇಕಿತ್ತು. ನಾನೊಂದು ಕಾರ್ಡು ಬರೆದೆ."